ರಫೇಲ್ ಹಾರುವ ಮುನ್ನವೇ ಹೋದ ಮಾರ್ಸೆಲ್ ದಸ್ಸೋ

ರಫೇಲ್ ಎಂಬ ಯುದ್ಧವಿಮಾನದ ಹೆಸರು ಕೇಳದವರು ಇಂದು ಹಳ್ಳಿಗಳಲ್ಲೂ ಸಿಗಲಾರರು. 2016ರ ಒಪ್ಪಂದ, ಅದರ ಬೆಲೆಯ ಕುರಿತಾದ ಗದ್ದಲ, 2020ರ ಜುಲೈ 29ರಂದು ಅಂಬಾಲಾದಲ್ಲಿ ಬಂದಿಳಿದ ಮೊದಲ ಐದು ವಿಮಾನಗಳು, ಎಲ್ಲವನ್ನೂ ಟಿವಿ ವಾಹಿನಿಗಳು ಎರಡೆರಡು ಭಾಷೆಗಳಲ್ಲಿ ನಮ್ಮ ಜಗಲಿಗೇ ತಂದು ಹಾಕಿವೆ. ಆದರೆ ಆ ವಿಮಾನ ತಯಾರಿಸುವ ಕಂಪನಿಗೆ ತನ್ನ ಹೆಸರು ಕೊಟ್ಟ ಮನುಷ್ಯನ ಬಗ್ಗೆ ಯಾವ ವಾಹಿನಿಯೂ ಹೆಚ್ಚು ಹೇಳಲಿಲ್ಲ. ನಮ್ಮ ಪತ್ರಿಕೆಗಳಲ್ಲಿ ಡಸಾಲ್ಟ್ ಎಂದು ಅಚ್ಚಾಗುವ ಆ ಹೆಸರನ್ನು ಫ್ರೆಂಚರು ಉಚ್ಚರಿಸುವುದು ದಸ್ಸೋ ಎಂದು. ಅದು ಆತನಿಗೆ ಹುಟ್ಟಿನಿಂದ ಬಂದ ಹೆಸರೂ ಅಲ್ಲ.

ಮಾರ್ಸೆಲ್ ಬ್ಲಾಕ್ ಹುಟ್ಟಿದ್ದು 1892ರ ಜನವರಿ 22ರಂದು ಪ್ಯಾರಿಸ್ ನಗರದಲ್ಲಿ. ತಂದೆ ಯಹೂದಿ ವೈದ್ಯ. ನಾಲ್ವರು ಗಂಡುಮಕ್ಕಳಲ್ಲಿ ಇವರೇ ಕಿರಿಯರು. 1909ರಲ್ಲಿ ಶಾಲೆಯ ಅಂಗಳದಲ್ಲಿದ್ದಾಗ ರೈಟ್ ಸಹೋದರರ ಮಾದರಿಯ ವಿಮಾನವೊಂದು ಐಫೆಲ್ ಗೋಪುರಕ್ಕೆ ಸುತ್ತು ಹಾಕಿದ್ದನ್ನು ಕಂಡರು. ಅಲ್ಲಿಗೆ ಹುಡುಗನ ದಾರಿ ನಿಶ್ಚಯವಾಯಿತು. ಆಗಷ್ಟೇ ಆರಂಭವಾಗಿದ್ದ ವಿಮಾನಶಾಸ್ತ್ರದ ಕಾಲೇಜನ್ನು ಸೇರಿ 1913ರಲ್ಲಿ ಎಂಜಿನಿಯರ್ ಆಗಿ ಹೊರಬಂದರು.

ಮರುವರ್ಷವೇ ಮೊದಲ ಮಹಾಯುದ್ಧ. ಸೈನ್ಯದ ವಿಮಾನ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ ಯುವಕ ಬ್ಲಾಕ್ ಅವರಿಗೆ ಆಗ ಬಳಕೆಯಲ್ಲಿದ್ದ ಪ್ರೊಪೆಲರ್‌ಗಳು ಸಾಲದೆನಿಸಿದವು. 1916ರಲ್ಲಿ ತಾವೇ ಒಂದನ್ನು ರೂಪಿಸಿ 'ಎಕ್ಲೇರ್', ಅಂದರೆ ಮಿಂಚು, ಎಂದು ಹೆಸರಿಟ್ಟರು. ಮರದ ಈ ರೆಕ್ಕೆಗಳನ್ನು ಕಡೆದುಕೊಟ್ಟದ್ದು ಮಂಚ ಮೇಜು ಮಾಡುವ ಪೀಠೋಪಕರಣದ ಕಾರ್ಖಾನೆ. ಅದರ ಮಾಲೀಕರ ಮಗಳು ಮಾದ್ಲೆನ್ ಅವರನ್ನೇ 1919ರಲ್ಲಿ ಮದುವೆಯಾದರು. ಫ್ರಾನ್ಸಿನ ಮನೆಮಾತಾಗಿದ್ದ ಗೀನ್ಮೆರ್ ಎಂಬ ಪೈಲಟ್‌ನ ವಿಮಾನಕ್ಕೂ ಇದೇ ಪ್ರೊಪೆಲರ್ ಹಾಕಲಾಗಿತ್ತು. ಗೆಳೆಯರ ಜತೆಗೂಡಿ ಇಡೀ ವಿಮಾನವನ್ನೇ ತಯಾರಿಸಿ ಸರಕಾರದಿಂದ ದೊಡ್ಡ ಆರ್ಡರನ್ನೂ ಪಡೆದರು. ಅಷ್ಟರಲ್ಲಿ ಯುದ್ಧ ನಿಂತಿತು, ಆರ್ಡರ್ ರದ್ದಾಯಿತು. ಮುಂದಿನ ಹತ್ತು ವರ್ಷ ಅವರು ಪೀಠೋಪಕರಣ ಮಾರಿದರು, ಕಟ್ಟಡ ಕಟ್ಟಿದರು. 1930ರ ಹೊತ್ತಿಗೆ ಫ್ರಾನ್ಸ್ ಮತ್ತೆ ವಿಮಾನಗಳಿಗೆ ಹಣ ಇಟ್ಟಾಗ ಹಳೆಯ ಕಸುಬಿಗೆ ಮರಳಿದರು. 1936ರಲ್ಲಿ ಎಡಪಂಥೀಯ ಸರಕಾರ ಅವರ ಕಾರ್ಖಾನೆಯನ್ನು ರಾಷ್ಟ್ರೀಕರಣಗೊಳಿಸಿ ಅವರನ್ನೇ ಆಡಳಿತಗಾರರನ್ನಾಗಿ ಕುಳ್ಳಿರಿಸಿತು.

ಇಲ್ಲಿಯವರೆಗಿನದು ಒಬ್ಬ ಜಾಣ ಉದ್ಯಮಿಯ ಕಥೆ. 1940ರಲ್ಲಿ ಹಿಟ್ಲರನ ಸೈನ್ಯ ಫ್ರಾನ್ಸನ್ನು ಮಣಿಸಿದ ಮೇಲೆ ಕಥೆಯೇ ಬೇರೆ.

ಶರಣಾದ ಫ್ರಾನ್ಸಿನಲ್ಲಿ ಜರ್ಮನರ ಮರ್ಜಿಯಲ್ಲಿದ್ದ ವಿಶಿ ಸರಕಾರ ಅದೇ ವರ್ಷದ ಅಕ್ಟೋಬರಿನಲ್ಲಿ ಬ್ಲಾಕ್ ಅವರನ್ನು ಬಂಧಿಸಿತು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತ ವರ್ಷಗಳ ಕಾಲ ಸೆರೆಯಲ್ಲಿಟ್ಟರು. ಜರ್ಮನರಿಗೆ ಬೇಕಾಗಿದ್ದು ಅವರ ತಲೆಯಲ್ಲಿದ್ದ ವಿದ್ಯೆ. ತಮಗಾಗಿ ವಿಮಾನ ಕಟ್ಟಿಕೊಡಲು ಒಪ್ಪಿದರೆ ಜೀವ ಉಳಿಯುತ್ತದೆ ಎಂಬುದು ಸ್ಪಷ್ಟವಿತ್ತು. ಯಹೂದಿಯೊಬ್ಬನಿಗೆ ಆ ದಿನಗಳಲ್ಲಿ ಅಂಥ ಅವಕಾಶ ಸಿಗುವುದೇ ಅಪರೂಪ. ಅವರು ಒಪ್ಪಲಿಲ್ಲ. 1944ರಲ್ಲಿ ಲಿಯೋನಿನ ಜೈಲು, ಅಲ್ಲಿಂದ ಪ್ಯಾರಿಸ್ ಹೊರವಲಯದ ದ್ರಾನ್ಸಿ ಶಿಬಿರ, ಆಗಸ್ಟ್ 17ರಂದು ಅಲ್ಲಿಂದ ಜರ್ಮನಿಯ ಬುಕನ್‌ವಾಲ್ಡ್ ಕಡೆಗೆ ಹೊರಟ ರೈಲು. ಎಂಟೇ ದಿನಕ್ಕೆ, ಅಂದರೆ ಆಗಸ್ಟ್ 25ರಂದು, ಪ್ಯಾರಿಸ್ ಸ್ವತಂತ್ರವಾಯಿತು! ಇನ್ನೊಂದು ವಾರ ಆ ರೈಲು ತಡವಾಗಿದ್ದರೆ ಎಂದು ಯಾರಿಗಾದರೂ ಅನ್ನಿಸದಿರದು.

ಐವತ್ತೆರಡು ದಾಟಿದ ಮನುಷ್ಯ, ಕಠಿಣ ಕೆಲಸ ಅಭ್ಯಾಸವಿಲ್ಲದ ಮೈ, ಜರ್ಮನಿಯ ಚಳಿಗಾಲ. ಬುಕನ್‌ವಾಲ್ಡ್‌ನಲ್ಲಿ ಸತ್ತವರ ಸಂಖ್ಯೆ ಐವತ್ತು ಸಾವಿರಕ್ಕೂ ಮೇಲು. ಬ್ಲಾಕ್ ಬದುಕಿ ಉಳಿದದ್ದು ಒಬ್ಬ ಕಮ್ಯುನಿಸ್ಟನಿಂದ. ಮಾರ್ಸೆಲ್ ಪಾಲ್ ಎಂಬ ಆ ಕಾರ್ಮಿಕ ನಾಯಕ ಶಿಬಿರದೊಳಗಿನ ಕೈದಿಗಳ ಗುಪ್ತ ಸಂಘಟನೆಯಲ್ಲಿದ್ದರು. ಯುದ್ಧ ಮುಗಿದ ಮೇಲೆ ದೇಶ ಕಟ್ಟಲು ಈ ಎಂಜಿನಿಯರ್ ಬೇಕಾಗುತ್ತಾನೆ ಎಂದೆಣಿಸಿ ಅವರನ್ನು ಕಾಪಾಡಿದರು. 1945ರ ಏಪ್ರಿಲ್ 11ರಂದು ಅಮೆರಿಕದ ಸೈನ್ಯ ಶಿಬಿರದ ಬಾಗಿಲು ತೆರೆಯಿತು. ಬ್ಲಾಕ್ ಹೊರಬಂದಾಗ ಡಿಫ್ತೀರಿಯಾದಿಂದಾಗಿ ಕೈಕಾಲು ಸ್ವಾಧೀನ ತಪ್ಪಿತ್ತು. ಮುಂದಿನ ವರ್ಷಗಳ ಫೋಟೋಗಳಲ್ಲಿ ಅವರು ಹೆಚ್ಚಾಗಿ ಕಾಣುವುದು ದಪ್ಪ ಓವರ್‌ಕೋಟು, ಕೊರಳಿಗೆ ಮಫ್ಲರ್, ತಲೆಗೆ ಹ್ಯಾಟು ಧರಿಸಿಯೇ. ಕೋಟ್ಯಧಿಪತಿಯಾಗಿ, ಬಲಪಂಥೀಯ ಸಂಸದರಾಗಿದ್ದಾಗಲೂ ಆ ಕಮ್ಯುನಿಸ್ಟನ ಋಣವನ್ನು ಅವರು ಮರೆಯಲಿಲ್ಲ.

ಹೆಸರು ಬದಲಾದದ್ದು ಆಮೇಲೆ. ಅಣ್ಣ ಪಾಲ್ ಸೈನ್ಯದ ಜನರಲ್. ಭೂಗತ ಹೋರಾಟದಲ್ಲಿ ಅವರು ಇಟ್ಟುಕೊಂಡಿದ್ದ ಗುಪ್ತನಾಮ ಶಾರ್‌ದಸ್ಸೋ, ಅಂದರೆ ಯುದ್ಧಟ್ಯಾಂಕ್. ಅದರ ಬಾಲವನ್ನು ಉಳಿಸಿಕೊಂಡು ಕುಟುಂಬ ದಸ್ಸೋ ಆಯಿತು. ಗಡಿಭಾಗದ ನಮಗೆ ಒಂದೇ ಹೆಸರು ಪಡಿತರ ಚೀಟಿಯಲ್ಲೊಂದು, ಶಾಲಾ ದಾಖಲೆಯಲ್ಲೊಂದು ರೀತಿ ಬರೆಯಿಸಿಕೊಳ್ಳುವುದು ಹೊಸದಲ್ಲ. ಆದರೆ ಇವರು ಬೇಕೆಂದೇ ಹಳೆಯ ಹೆಸರನ್ನು ಕಳಚಿಟ್ಟು ಹೋರಾಟದ ಹೆಸರನ್ನು ತೊಟ್ಟರು. 1950ರಲ್ಲಿ ಕ್ಯಾಥೊಲಿಕ್ ಮತಕ್ಕೂ ಸೇರಿದರು. ನಾಲ್ಕು ಎಸಳಿನ ಹುಲ್ಲಿನೆಲೆಯೊಂದನ್ನು ಅದೃಷ್ಟದ ಗುರುತೆಂದು ಜೋಪಾನ ಮಾಡುತ್ತಿದ್ದರು. ಕಂಪನಿಯ ಲಾಂಛನದಲ್ಲೂ ಅದೇ ಎಲೆಯಿದೆ.

ಇನ್ನು ವಿಮಾನಗಳ ಮಾತು. 1949ರ ಫೆಬ್ರವರಿ 28ರಂದು ದಸ್ಸೋ ಕಂಪನಿಯ ಮೊದಲ ಜೆಟ್ ಯುದ್ಧವಿಮಾನ ಊರಗಾನ್ ಹಾರಿತು. ಹೆಸರಿನ ಅರ್ಥ ಚಂಡಮಾರುತ. ಇದನ್ನು ಕೊಂಡ ಮೊದಲ ವಿದೇಶ ಯಾವುದು ಗೊತ್ತೇ? ನಮ್ಮದೇ. 1953ರಲ್ಲಿ ಭಾರತ 71 ವಿಮಾನಗಳಿಗೆ ಆರ್ಡರ್ ಕೊಟ್ಟು ಅದಕ್ಕೆ ತೂಫಾನಿ ಎಂದು ಹೆಸರಿಟ್ಟಿತು. ರಫೇಲ್ ಖರೀದಿಯೇ ಈ ಕಂಪನಿಯ ಜತೆ ನಮ್ಮ ಮೊದಲ ವ್ಯವಹಾರ ಎಂದುಕೊಂಡವರು ಅನೇಕರಿದ್ದಾರೆ. ಅದಕ್ಕೆ ಎಪ್ಪತ್ತು ವರ್ಷ ದಾಟಿತು.

ತೂಫಾನಿಯ ನಂತರ ಬಂದದ್ದು ಮಿಸ್ತೇರ್. ಇದರಲ್ಲಿ ಕುಳಿತು ಹೋರಾಡಿದ ಒಬ್ಬ ಕನ್ನಡನಾಡಿನ ವೀರನನ್ನು ಇಲ್ಲಿ ನೆನೆಯಲೇಬೇಕು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋದ ಮಿಸ್ತೇರ್ ತಂಡದಲ್ಲಿ ಮೀಸಲು ಪೈಲಟ್ ಆಗಿದ್ದರು. ಮರಳುವಾಗ ಎದುರಾದದ್ದು ಅಮೆರಿಕ ನಿರ್ಮಿತ ಸ್ಟಾರ್‌ಫೈಟರ್. ಅದರ ವೇಗ ಶಬ್ದದ ಎರಡು ಪಟ್ಟು, ಮಿಸ್ತೇರ್‌ಗೆ ಸಮತಟ್ಟಾಗಿ ಹಾರುವಾಗ ಶಬ್ದದ ವೇಗವನ್ನೂ ಮುಟ್ಟಲಾಗದು. ತಮ್ಮ ವಿಮಾನಕ್ಕೆ ಏಟು ಬಿದ್ದ ಮೇಲೂ ದೇವಯ್ಯ ತಿರುಗಿ ನಿಂತು ಗುಂಡು ಹಾರಿಸಿ ಸ್ಟಾರ್‌ಫೈಟರನ್ನು ಕೆಡವಿದರು. ಅದರ ಪೈಲಟ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದ. ದೇವಯ್ಯ ಮರಳಲಿಲ್ಲ. ನಡೆದದ್ದೇನೆಂದು ಭಾರತಕ್ಕೆ ತಿಳಿಯಲು ವರ್ಷಗಳೇ ಹಿಡಿದವು. ಮಹಾವೀರ ಚಕ್ರ ಘೋಷಣೆಯಾದದ್ದು 1988ರಲ್ಲಿ, ಇಪ್ಪತ್ತಮೂರು ವರ್ಷಗಳ ಬಳಿಕ. 2025ರಲ್ಲಿ ತೆರೆಕಂಡ ಸ್ಕೈ ಫೋರ್ಸ್ ಎಂಬ ಹಿಂದಿ ಚಿತ್ರಕ್ಕೆ ಪ್ರೇರಣೆ ಇದೇ ಘಟನೆ.

ದಸ್ಸೋ ಅವರ ಹೆಸರು ಜಗತ್ತಿಗೆಲ್ಲ ಗೊತ್ತಾದದ್ದು ಮಿರಾಜ್ ವಿಮಾನದಿಂದ. ಮಿರಾಜ್ ಎಂದರೆ ಬಿಸಿಲ್ಗುದುರೆ. ತ್ರಿಕೋನದ ರೆಕ್ಕೆ, ಬಾಲದಲ್ಲಿ ಅಡ್ಡರೆಕ್ಕೆಯೇ ಇಲ್ಲ. ಚೆಂದ ಕಾಣುವ ವಿಮಾನ ಚೆನ್ನಾಗಿ ಹಾರುತ್ತದೆ ಎಂಬುದು ದಸ್ಸೋ ಅವರ ನಂಬಿಕೆಯಾಗಿತ್ತು. ಕಲಾ ವಿಭಾಗದಲ್ಲಿ ಓದಿದ ನನಗೆ ರೆಕ್ಕೆಯ ಗಣಿತ ಅಷ್ಟಕ್ಕಷ್ಟೇ, ಆದರೆ ಮಿರಾಜ್‌ನ ಚಿತ್ರ ನೋಡಿದಾಗ ಆ ನಂಬಿಕೆ ಅರ್ಥವಾಗುತ್ತದೆ. 1958ರ ಅಕ್ಟೋಬರ್ 24ರಂದು ಇದು ಸಮತಟ್ಟಾಗಿ ಹಾರುತ್ತ ಶಬ್ದದ ಎರಡು ಪಟ್ಟು ವೇಗ ಮುಟ್ಟಿತು. 1967ರ ಜೂನ್‌ನಲ್ಲಿ ಇಸ್ರೇಲ್ ಇದೇ ಮಿರಾಜ್‌ಗಳನ್ನು ಮುಂದಿಟ್ಟುಕೊಂಡು ಈಜಿಪ್ಟಿನ ವಾಯುಪಡೆಯನ್ನು ಒಂದೇ ದಿನದಲ್ಲಿ ನೆಲದ ಮೇಲೆಯೇ ನಾಶ ಮಾಡಿದಾಗ ಕೊಳ್ಳುವವರು ಸಾಲುಗಟ್ಟಿದರು.

ಇಲ್ಲೊಂದು ವಿಚಾರ ಯೋಚಿಸುವಂಥದ್ದು. ತಮ್ಮ ದೇಶ ಯಾರ ಮುಂದೆಯೂ ಆಯುಧಕ್ಕಾಗಿ ಕೈಚಾಚಬಾರದು ಎಂಬುದು ದಸ್ಸೋ ಹಾಗೂ ಅಧ್ಯಕ್ಷ ಡಿ ಗಾಲ್ ಇಬ್ಬರ ಛಲ. ಅದಕ್ಕಾಗಿಯೇ ಅಣುಬಾಂಬ್ ಹೊರುವ ಮಿರಾಜ್-4 ವಿಮಾನ ಕಟ್ಟಿಸಿ 1964ರಲ್ಲಿ ಸೇವೆಗೆ ಇಳಿಸಿದರು. ಆದರೆ ಆ ವಿಮಾನಕ್ಕೆ ಆಕಾಶದಲ್ಲಿ ಇಂಧನ ತುಂಬಲು ಅಮೆರಿಕದಿಂದಲೇ ಟ್ಯಾಂಕರ್ ವಿಮಾನ ಕೊಳ್ಳಬೇಕಾಯಿತು! ಇನ್ನು ಕೊಂಡವರ ಪಾಡೇನು? 1967ರಲ್ಲಿ ಡಿ ಗಾಲ್ ಶಸ್ತ್ರನಿರ್ಬಂಧ ಹೇರಿದಾಗ ಇಸ್ರೇಲ್ ದುಡ್ಡು ಕೊಟ್ಟಿದ್ದ 50 ಮಿರಾಜ್-5 ವಿಮಾನಗಳು ಫ್ರಾನ್ಸಿನಲ್ಲೇ ಉಳಿದವು. 1982ರಲ್ಲಿ ಅರ್ಜೆಂಟೀನಾ ಇದೇ ಕಂಪನಿಯ ಸೂಪರ್ ಎತಾಂದಾರ್ ವಿಮಾನದಿಂದ ಎಕ್ಸೊಸೆಟ್ ಕ್ಷಿಪಣಿ ಬಿಟ್ಟು ಬ್ರಿಟನ್ನಿನ ಶೆಫೀಲ್ಡ್ ಯುದ್ಧನೌಕೆಯನ್ನು ಸುಟ್ಟಿತು. ಸತ್ತವರು 20 ನಾವಿಕರು, ಫ್ರಾನ್ಸಿನ ಮಿತ್ರರಾಷ್ಟ್ರದವರು. ದಕ್ಷಿಣ ಆಫ್ರಿಕದ ವರ್ಣಭೇದ ಸರಕಾರಕ್ಕೂ, ಲಿಬಿಯಾಕ್ಕೂ, ಇರಾಕಿಗೂ ಮಿರಾಜ್ ಹೋಯಿತು. ಶತ್ರುವಿಗೆ ವಿಮಾನ ಕಟ್ಟೆನೆಂದು ನರಕ ಕಂಡುಬಂದ ಮನುಷ್ಯ ತನ್ನ ವಿಮಾನ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಸರಕಾರಕ್ಕೆ ಬಿಟ್ಟುಕೊಟ್ಟದ್ದು ನನಗಂತೂ ಸರಿಕಾಣುವುದಿಲ್ಲ. ಮಾರಾಟಕ್ಕೆ ಒಪ್ಪಿಗೆ ಕೊಡುವುದು ಸರಕಾರವೇ ನಿಜ, ಲಾಭ ಮಾತ್ರ ಕಂಪನಿಯದು.

ಅವರ ಉಳಿದ ಬದುಕು ಸಿನಿಮಾದಂತಿದೆ. ವಾರಪತ್ರಿಕೆ ನಡೆಸಿದರು, ಚಲನಚಿತ್ರಗಳಿಗೆ ಹಣ ಹಾಕಿದರು, 1958ರಿಂದ ಸಾಯುವವರೆಗೂ ಉವಾಜ್ ಜಿಲ್ಲೆಯ ಸಂಸದರಾಗಿದ್ದರು. 1964ರ ಮೇ ತಿಂಗಳಲ್ಲಿ ಹೆಂಡತಿಯನ್ನು ಪ್ಯಾರಿಸ್‌ನಲ್ಲಿ ದುಷ್ಕರ್ಮಿಗಳು ಅಪಹರಿಸಿದರು. ಮರುದಿನವೇ ಪೊಲೀಸರು ಆಕೆಯನ್ನು ಸುರಕ್ಷಿತವಾಗಿ ಪತ್ತೆಹಚ್ಚಿದರು. 1981ರಲ್ಲಿ ಮಿತ್ತರಾಂ ಸರಕಾರ ಬಂದಾಗ ಕಂಪನಿಯ ಮೇಲಿನ ಹಿಡಿತ ಎರಡನೇ ಬಾರಿ ಸರಕಾರಕ್ಕೆ ಹೋಯಿತು.

1982ರಲ್ಲಿ ಭಾರತ ಮಿರಾಜ್-2000 ವಿಮಾನಗಳಿಗೆ ಆರ್ಡರ್ ಕೊಟ್ಟಿತು. 1985ರಲ್ಲಿ ಬಂದ ಇವಕ್ಕೆ ನಮ್ಮಲ್ಲಿ ವಜ್ರ ಎಂಬ ಹೆಸರು. 1999ರ ಕಾರ್ಗಿಲ್ ಯುದ್ಧದಲ್ಲಿ ಟೈಗರ್ ಹಿಲ್ ಮೇಲೆ ಲೇಸರ್ ಬೆಳಕಿನ ಜಾಡು ಹಿಡಿದು ಬೀಳುವ ಬಾಂಬ್ ಹಾಕಿದ್ದು, 2019ರ ಫೆಬ್ರವರಿಯಲ್ಲಿ ಬಾಲಾಕೋಟ್‌ಗೆ ಹೋದದ್ದು ಇವೇ. ಇವುಗಳ ನವೀಕರಣ ಕೆಲಸ ನಡೆದದ್ದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ.

ದಸ್ಸೋ ಅವರ ಕೊನೆಯ ವರ್ಷಗಳಲ್ಲಿ ಯುರೋಪಿನ ದೇಶಗಳು ಸೇರಿ ಒಂದೇ ಯುದ್ಧವಿಮಾನ ಮಾಡುವ ಮಾತುಕತೆ ನಡೆದಿತ್ತು. ಬ್ರಿಟನ್, ಜರ್ಮನಿ, ಇಟಲಿಗೆ ಎತ್ತರದಲ್ಲಿ ವೇಗವಾಗಿ ಹಾರಿ ಶತ್ರುವಿಮಾನ ತಡೆಯುವ ಯಂತ್ರ ಬೇಕಿತ್ತು. ಫ್ರಾನ್ಸಿಗೆ ಬಾಂಬ್ ಹೊರುವ, ವಿಮಾನವಾಹಕ ಹಡಗಿನ ಮೇಲೂ ಇಳಿಯುವ ಸ್ವಲ್ಪ ಹಗುರ ವಿಮಾನ ಬೇಕಿತ್ತು. 1985ರಲ್ಲಿ ಫ್ರಾನ್ಸ್ ಹೊರಬಂತು. ಉಳಿದವರು ಸ್ಪೇನನ್ನೂ ಸೇರಿಸಿಕೊಂಡು ಕಟ್ಟಿದ್ದು ಟೈಫೂನ್, ಫ್ರಾನ್ಸ್ ಒಂಟಿಯಾಗಿ ಕಟ್ಟಿದ್ದು ರಫೇಲ್. ರಫೇಲ್ ಎಂದರೆ ಬಿರುಗಾಳಿಯ ಬೀಸು.

ಅದರ ಸಾಮರ್ಥ್ಯವೇನು? ಖಾಲಿ ವಿಮಾನದ ತೂಕ ಸುಮಾರು 10 ಟನ್, ಹೊರಗೆ ತೂಗುಹಾಕಬಲ್ಲ ಹೊರೆ 9.5 ಟನ್. ಅಂದರೆ ತನ್ನ ತೂಕದಷ್ಟನ್ನೇ ಹೊರುವ ಎತ್ತು ಎನ್ನಿ. ಎಂಜಿನ್ ಎರಡು, ವೇಗ ಶಬ್ದದ 1.8 ಪಟ್ಟು. ಹಳೆಯ ಮಿರಾಜ್‌ಗಿಂತ ಕಡಿಮೆಯೇ! ಇಂದಿನ ಕಾಳಗದಲ್ಲಿ ಓಡುವ ವೇಗಕ್ಕಿಂತ ದೂರದಿಂದ ಕಾಣುವ ಕಣ್ಣು ಮುಖ್ಯವಾಗಿರುವುದರಿಂದ ಇದು ಕೊರತೆಯೆನಿಸಿಲ್ಲ. ಇದರ ರಾಡಾರ್ ತಲೆ ತಿರುಗಿಸದೆಯೇ ಹಲವು ಗುರಿಗಳನ್ನು ಏಕಕಾಲಕ್ಕೆ ಹಿಂಬಾಲಿಸುತ್ತದೆ. ಸ್ಪೆಕ್ಟ್ರಾ ಎಂಬ ವ್ಯವಸ್ಥೆ ಶತ್ರುವಿನ ರಾಡಾರ್ ತನ್ನ ಮೇಲೆ ಬಿದ್ದುದನ್ನು ಗುರುತಿಸಿ ಅದನ್ನು ದಿಕ್ಕುತಪ್ಪಿಸುತ್ತದೆ. ಮೀಟಿಯರ್ ಕ್ಷಿಪಣಿಯ ವ್ಯಾಪ್ತಿ 100 ಕಿ.ಮೀ. ಮೀರಿದ್ದು. ಸಾಮಾನ್ಯ ಕ್ಷಿಪಣಿ ಕೆಲವೇ ಸೆಕೆಂಡು ಉರಿದು ಮತ್ತೆ ಎಸೆದ ಕಲ್ಲಿನಂತೆ ಸಾಗುತ್ತದೆ. ಮೀಟಿಯರ್ ಮಾತ್ರ ಎದುರಿನ ಗಾಳಿಯನ್ನೇ ಒಳಗೆಳೆದುಕೊಂಡು ಉರಿಯುತ್ತಲೇ ಹೋಗುವುದರಿಂದ ಕೊನೆಯ ಗಳಿಗೆಯಲ್ಲೂ ಅದರ ಬಿರುಸು ತಗ್ಗದು. ನೆಲದ ಮೇಲಿನ ಬಂಕರುಗಳಿಗೆ ಸ್ಕಾಲ್ಪ್ ಕ್ಷಿಪಣಿಯಿದೆ. 1,300 ಕಿಲೋ ತೂಕ, 250 ಕಿ.ಮೀ.ಗೂ ಹೆಚ್ಚಿನ ವ್ಯಾಪ್ತಿ, ನೆಲಕ್ಕಂಟಿಕೊಂಡು ಹಾರುತ್ತದೆ. ಜತೆಗೆ ನಿಮಿಷಕ್ಕೆ 2,500 ಗುಂಡಿನ ವೇಗದ 30 ಮಿ.ಮೀ. ಫಿರಂಗಿ. ಗುಂಡುಗಳಿರುವುದು 125 ಮಾತ್ರ, ಹಾಗಾಗಿ ಮೂರು ಸೆಕೆಂಡಿಗೆ ಖಾಲಿ! ಫ್ರಾನ್ಸಿನ ರಫೇಲ್‌ಗಳು ಅಣ್ವಸ್ತ್ರ ಕ್ಷಿಪಣಿಯನ್ನೂ ಹೊರುತ್ತವೆ. ಶೆಫೀಲ್ಡನ್ನು ಸುಟ್ಟ ಎಕ್ಸೊಸೆಟ್‌ನ ಹೊಸ ಮಾದರಿಯೂ ಇದರ ಬತ್ತಳಿಕೆಯಲ್ಲಿದೆ.

ಇದ್ಯಾವುದನ್ನೂ ದಸ್ಸೋ ನೋಡಲಿಲ್ಲ. 1986ರ ಏಪ್ರಿಲ್ 17ರಂದು, 94ನೇ ವಯಸ್ಸಿನಲ್ಲಿ, ಪ್ಯಾರಿಸ್ ಸಮೀಪದ ನಯಿಯಲ್ಲಿ ತೀರಿಕೊಂಡರು. ಆಗ ಅವರು ಫ್ರಾನ್ಸ್ ಸಂಸತ್ತಿನ ಅತಿ ಹಿರಿಯ ಸದಸ್ಯ. ರಫೇಲ್‌ನ ಮೊದಲ ಮಾದರಿ ಇಸ್ತ್ರ್ ವಾಯುನೆಲೆಯಿಂದ ಮೇಲೇರಿದ್ದು ಅದೇ ವರ್ಷದ ಜುಲೈ 4ರಂದು, ಅವರು ತೀರಿಕೊಂಡ 78 ದಿನಗಳ ಬಳಿಕ. ಕಂಪನಿಯ ಹೊಣೆ ಮಗ ಸೆರ್ಜ್ ಪಾಲಿಗೆ ಬಂತು.

ವಾಯುಪಡೆಗೆ 36 ರಫೇಲ್ ಬಂದ ಮೇಲೆ 2025ರ ಏಪ್ರಿಲ್‌ನಲ್ಲಿ ನೌಕಾಪಡೆಗೆ 26 ಕೊಳ್ಳುವ ಒಪ್ಪಂದಕ್ಕೂ ಭಾರತ ಸಹಿ ಹಾಕಿದೆ. ಅದೇ ವರ್ಷದ ಜೂನ್‌ನಲ್ಲಿ ರಫೇಲ್‌ನ ಒಡಲಭಾಗವನ್ನು ಹೈದರಾಬಾದಿನಲ್ಲಿ ತಯಾರಿಸಲು ಟಾಟಾ ಕಂಪನಿಯ ಜತೆ ಒಪ್ಪಂದವಾಯಿತು. ಫ್ರಾನ್ಸಿನ ಹೊರಗೆ ಈ ಕೆಲಸ ನಡೆಯುವುದು ಇದೇ ಮೊದಲು.