ಪುನೀತ ಬೆನೆಡಿಕ್ಟ್ ದಾಸ್ವಾ: ಪ್ರಾಣ ಕೊಟ್ಟರು, ಐದು ರ‍್ಯಾಂಡ್ ಕೊಡಲಿಲ್ಲ

ಪ್ರತಿ ವರ್ಷ ಫೆಬ್ರವರಿ 2ರಂದು ನಾವು ಯೇಸುಬಾಲರ ಸಮರ್ಪಣೆಯ ಹಬ್ಬವನ್ನು ಆಚರಿಸುತ್ತೇವೆ. ಅದರ ಹಿಂದಿನ ದಿನ ದಕ್ಷಿಣ ಆಫ್ರಿಕಾದ ಧರ್ಮಸಭೆಯು ತನ್ನ ಮಣ್ಣಿನ ಮಗನಾದ ಒಬ್ಬ ಶಾಲಾ ಉಪಾಧ್ಯಾಯರನ್ನು ಸ್ಮರಿಸುತ್ತದೆ. ಅವರು ಗುರುಗಳಲ್ಲ, ಸನ್ಯಾಸಿಯೂ ಅಲ್ಲ. ಪತ್ನಿ, ಮಕ್ಕಳು, ಶಾಲೆ, ತರಕಾರಿ ತೋಟ, ಧರ್ಮಕೇಂದ್ರದ ಯುವಜನರು - ಇವಿಷ್ಟೇ ಅವರ ಲೋಕವಾಗಿತ್ತು. ಆ ಪುಟ್ಟ ಲೋಕದಲ್ಲಿಯೇ ಅವರು ರಕ್ತಸಾಕ್ಷಿಯ ಕಿರೀಟವನ್ನು ಪಡೆದರು. ಅವರೇ ಪುನೀತ ಬೆನೆಡಿಕ್ಟ್ ದಾಸ್ವಾ.

ದಕ್ಷಿಣ ಆಫ್ರಿಕಾದ ಉತ್ತರ ತುದಿಯಲ್ಲಿ, ಇಂದಿನ ಲಿಂಪೊಪೊ ಪ್ರಾಂತ್ಯದ ವೆಂಡಾ ಪ್ರದೇಶದಲ್ಲಿ ಎಂಬಾಹೆ ಎಂಬ ಹಳ್ಳಿಯಿದೆ. ಅಲ್ಲಿ 1946ರ ಜೂನ್ 16ರಂದು ಅವರ ಜನನವಾಯಿತು. ಹೆತ್ತವರು ಇಟ್ಟ ಹೆಸರು ತ್ಶಿಮಂಗಾಡ್ಜೊ. ವೆಂಡಾ ಭಾಷೆಯಲ್ಲಿ ಈ ಮಾತಿಗೆ ಅದ್ಭುತ ಎಂದರ್ಥ. ಶಾಲೆಗೆ ಸೇರಿದಾಗ ಸ್ಯಾಮುವೇಲ್ ಎಂಬ ಹೆಸರೂ ಜೊತೆಗೂಡಿತು. ಅವರದು ಲೆಂಬಾ ಎಂಬ ಕುಲ. ಆ ಕುಲದವರು ಯೆಹೂದ್ಯರ ಕೆಲವು ಆಚಾರಗಳನ್ನು, ವಿಶೇಷವಾಗಿ ಆಹಾರದ ಕಟ್ಟುಪಾಡುಗಳನ್ನು, ತಲೆತಲಾಂತರದಿಂದ ಪಾಲಿಸಿಕೊಂಡು ಬಂದವರು. ಐವರು ಮಕ್ಕಳಲ್ಲಿ ಇವರೇ ಹಿರಿಯರು. ಬಾಲ್ಯದಲ್ಲಿ ದನ ಕಾಯುತ್ತಾ ಬೆಳೆದ ಇವರು, ತಂದೆ ತೀರಿಕೊಂಡ ಬಳಿಕ ಮನೆಯ ನೊಗವನ್ನು ತಮ್ಮ ಹೆಗಲಿಗೇರಿಸಿಕೊಂಡರು. ತಮ್ಮಂದಿರ ಮತ್ತು ತಂಗಿಯ ವಿದ್ಯಾಭ್ಯಾಸಕ್ಕೆ ಆಸರೆಯಾದರು.

ಕಥೋಲಿಕ ವಿಶ್ವಾಸದ ಪರಿಚಯ ಅವರಿಗಾದದ್ದು ಹದಿಹರೆಯದಲ್ಲಿ, ಜೋಹಾನ್ಸ್‌ಬರ್ಗಿನಲ್ಲಿದ್ದ ಬಂಧುವಿನ ಮನೆಗೆ ಹೋಗಿದ್ದಾಗ, ಗೆಳೆಯನೊಬ್ಬನ ಮೂಲಕ. ಊರಿಗೆ ಹಿಂದಿರುಗಿದ ಮೇಲೆ ಅವರು ಬೆನೆಡಿಕ್ಟ್ ರಿಸಿಮಾತಿ ಎಂಬ ಉಪದೇಶಿಯ ಬಳಿ ಧರ್ಮೋಪದೇಶ ಕಲಿಯತೊಡಗಿದರು. ಆಗ ಅಲ್ಲಿ ದೇವಾಲಯವೆಂಬುದಿರಲಿಲ್ಲ. ಮರದ ನೆರಳೇ ಪಾಠಶಾಲೆಯೂ ಪ್ರಾರ್ಥನಾಲಯವೂ ಆಗಿತ್ತು. 1963ರ ಏಪ್ರಿಲ್ 21ರಂದು ಯೇಸುವಿನ ಪವಿತ್ರ ಹೃದಯದ ಮಿಷನರಿ ಸಭೆಯ ವಂದನೀಯ ಆಗಸ್ಟಿನ್ ಓಬ್ರಿಯನ್ ಅವರಿಂದ ಜ್ಞಾನಸ್ನಾನ ಪಡೆದರು. ಸಂತ ಬೆನೆಡಿಕ್ಟರ ಗೌರವಾರ್ಥವಾಗಿಯೂ, ತಮಗೆ ಕ್ರಿಸ್ತರನ್ನು ಪರಿಚಯಿಸಿದ ಆ ಉಪದೇಶಿಯ ನೆನಪಿಗಾಗಿಯೂ ಬೆನೆಡಿಕ್ಟ್ ಎಂಬ ನಾಮವನ್ನು ಆರಿಸಿಕೊಂಡರು. ತನಗೆ ವಿಶ್ವಾಸದ ಅಕ್ಷರ ಕಲಿಸಿದವರನ್ನು ಜೀವನವಿಡೀ ಹೆಸರಿನಲ್ಲಿಯೇ ಹೊತ್ತು ನಡೆದ ಶಿಷ್ಯ ಅವರು.

ವೆಂಡಾ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ತರಬೇತಿ ಮುಗಿಸಿ ಅವರು ಪ್ರಾಥಮಿಕ ಶಾಲೆಯ ಉಪಾಧ್ಯಾಯರಾದರು. ಮುಂದೆ ನ್ವೆಲಿ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರಾಗಿ ಕೊನೆಯವರೆಗೂ ಸೇವೆ ಸಲ್ಲಿಸಿದರು. ಅದು ವರ್ಣಭೇದದ ಕಾಲ. ಕರಿಯರ ಮಕ್ಕಳಿಗೆ ಕಡಿಮೆ ದರ್ಜೆಯ ಶಿಕ್ಷಣವೇ ಸಾಕೆಂದು ಸರಕಾರವೇ ನಿರ್ಧರಿಸಿದ್ದ ದಿನಗಳು. ಅಂಥ ದಿನಗಳಲ್ಲಿ ಹಳ್ಳಿಯ ಮಗುವಿಗೆ ಶ್ರದ್ಧೆಯಿಂದ ಪಾಠ ಹೇಳುವುದೇ ಒಂದು ತಪಸ್ಸು. ಬೆನೆಡಿಕ್ಟರು ಸೋಮಾರಿತನವನ್ನು ಸಹಿಸುತ್ತಿರಲಿಲ್ಲ; ಬಡತನವನ್ನು ಹೀಗಳೆಯುತ್ತಲೂ ಇರಲಿಲ್ಲ. ಶುಲ್ಕ ಕಟ್ಟಲಾಗದ ಹುಡುಗರಿಗೆ ತಮ್ಮ ತರಕಾರಿ ತೋಟದಲ್ಲಿ ಕೆಲಸ ಕೊಟ್ಟು, ಕೂಲಿಯ ಹಣದಿಂದ ಶುಲ್ಕ ಕಟ್ಟಿಸುತ್ತಿದ್ದರು. ದಾನ ಪಡೆದೆನೆಂಬ ಸಂಕೋಚ ಮಗುವಿಗೆ ಬಾರದಂತೆ, ದುಡಿದು ಕಲಿತೆನೆಂಬ ಅಭಿಮಾನ ಉಳಿಯುವಂತೆ ಅವರು ಮಾಡುತ್ತಿದ್ದ ಉಪಾಯವದು. ಅದೇ ತೋಟದ ತರಕಾರಿ ಊರಿನ ಬಡವರ ಮನೆಗಳಿಗೂ ತಲುಪುತ್ತಿತ್ತು.

ಧರ್ಮಕೇಂದ್ರದಲ್ಲಿ ಅವರು ಉಪದೇಶಿ. ಗುರುಗಳು ಬಾರದ ಭಾನುವಾರಗಳಲ್ಲಿ ಪ್ರಾರ್ಥನಾವಿಧಿಯನ್ನು ಅವರೇ ನಡೆಸುತ್ತಿದ್ದರು. ಮಕ್ಕಳು ಮತ್ತು ಯುವಜನರೆಂದರೆ ಅವರಿಗೆ ವಿಶೇಷ ಅಕ್ಕರೆ. ಧರ್ಮೋಪದೇಶದ ಜೊತೆಗೆ ಕಾಲ್ಚೆಂಡಾಟವನ್ನೂ ಕಲಿಸಿ, ಊರಿನ ಹುಡುಗರನ್ನು ಒಂದು ತಂಡವಾಗಿ ಕಟ್ಟಿದರು. ಆದರೆ ಪಂದ್ಯ ಗೆಲ್ಲಲು ಮುತಿ ಎಂಬ ಮಂತ್ರೌಷಧವನ್ನು ಬಳಸಬೇಕೆಂದು ಆಟಗಾರರು ಹಟ ಹಿಡಿದಾಗ, ತಾವೇ ಕಟ್ಟಿದ ತಂಡವನ್ನು ಬಿಟ್ಟು ಹೊರಬಂದರು. ಅಭ್ಯಾಸದಿಂದ ಮಾತ್ರ ಗೆಲ್ಲಬಯಸುವ ಹುಡುಗರನ್ನು ಸೇರಿಸಿ ಹೊಸ ತಂಡ ಕಟ್ಟಿದರು. ಮುಂದೆ ಬರಲಿದ್ದ ದೊಡ್ಡ ಪರೀಕ್ಷೆಗೆ ಇದು ಮುನ್ನುಡಿಯಂತಿತ್ತು.

ನ್ವೆಲಿಯಲ್ಲಿ ಮೊದಲ ಕಥೋಲಿಕ ದೇವಾಲಯವನ್ನು ಕಟ್ಟಿದಾಗ ಅವರು ಮುಂದೆ ನಿಂತು ದುಡಿದರು. ಪತ್ನಿ ಎವೆಲಿನ್ ಅವರೊಡನೆ ಅವರದು ತುಂಬು ಸಂಸಾರ. ನೀರು ತರುವುದು, ಸೌದೆ ತರುವುದು, ಬಟ್ಟೆ ಒಗೆಯುವುದು ಹೆಂಗಸರ ಕೆಲಸವೆಂದು ನಂಬಿದ್ದ ಊರಿನಲ್ಲಿ ಈ ಮುಖ್ಯೋಪಾಧ್ಯಾಯರು ಅವೆಲ್ಲವನ್ನೂ ಸಂಕೋಚವಿಲ್ಲದೆ ಮಾಡುತ್ತಿದ್ದರು. ಕಂಡ ಗಂಡಸರು, ಹೆಂಡತಿ ಇವರಿಗೆ ಏನೋ ಮದ್ದು ಹಾಕಿರಬೇಕೆಂದು ಆಡಿಕೊಂಡರು. ದುಡಿಮೆಯ ಫಲವಾಗಿ ಅವರು ಇಟ್ಟಿಗೆಯ ಮನೆ ಕಟ್ಟಿದರು, ವಾಹನ ಕೊಂಡರು. ಊರಿನ ಕೆಲವರ ಕಣ್ಣು ಕೆಂಪಾಯಿತು. ಆದರೂ ಅವರ ಪ್ರಾಮಾಣಿಕತೆಯನ್ನು ಬಲ್ಲ ಊರ ಮುಖಂಡರು ಹಳ್ಳಿಯ ಸಭೆಯ ಕಾರ್ಯದರ್ಶಿಯ ಹೊಣೆಯನ್ನು ಇವರಿಗೇ ಒಪ್ಪಿಸಿದ್ದರು. ವೆಂಡಾ ಜನರ ಸಂಸ್ಕೃತಿಯನ್ನು ಅವರೆಂದೂ ತುಚ್ಛವಾಗಿ ಕಂಡವರಲ್ಲ. ಹಿರಿಯರಿಗೆ ತಲೆಬಾಗುತ್ತಿದ್ದರು. ಮನುಷ್ಯರ ಜೀವಕ್ಕೆ ಎರವಾಗುವ ಮಾಟದ ಭೀತಿಯೊಂದಕ್ಕೆ ಮಾತ್ರ ತಲೆಬಾಗಲಿಲ್ಲ.

1990ರ ಜನವರಿಯಲ್ಲಿ ಆ ಪ್ರದೇಶದಲ್ಲಿ ಭಾರಿ ಮಳೆ, ಸಿಡಿಲು. ಜನವರಿ 25ರಂದು ಎಂಬಾಹೆಯ ಹಲವು ಹುಲ್ಲಿನ ಗುಡಿಸಲುಗಳಿಗೆ ಸಿಡಿಲು ಬಡಿದು ಬೆಂಕಿ ಹತ್ತಿತು. ಸಿಡಿಲು ತಾನಾಗಿ ಬೀಳುವುದಿಲ್ಲ, ಯಾರೋ ಮಾಟ ಮಾಡಿ ಬೀಳಿಸುತ್ತಾರೆ ಎಂಬುದು ಅಲ್ಲಿಯ ಬಲವಾದ ನಂಬಿಕೆ. ಜನವರಿ 28ರ ಭಾನುವಾರ ಊರ ಸಭೆ ಸೇರಿತು. ಮಾಟಗಾರ ಯಾರೆಂದು ಪತ್ತೆಹಚ್ಚಲು ಮಾಂತ್ರಿಕನ ಬಳಿಗೆ ಹೋಗಬೇಕು, ಅದರ ವೆಚ್ಚಕ್ಕೆ ತಲಾ ಐದು ರ‍್ಯಾಂಡ್ ಕೊಡಬೇಕು ಎಂದು ನಿಶ್ಚಯವಾಯಿತು.

ಬೆನೆಡಿಕ್ಟರು ಸಭೆಗೆ ಬರುವಷ್ಟರಲ್ಲಿ ನಿರ್ಧಾರ ಆಗಿಹೋಗಿತ್ತು. ಸಿಡಿಲು ಪ್ರಕೃತಿಯ ವ್ಯಾಪಾರವೆಂದು ಅವರು ತರಗತಿಯಲ್ಲಿ ವಿವರಿಸುವಂತೆಯೇ ವಿವರಿಸಿದರು. ಜನ ಕಿವಿಗೊಡಲಿಲ್ಲ. ಹಾಗಾದರೆ ತಾವು ಹಣ ಕೊಡಲಾರೆವೆಂದೂ, ತಮ್ಮ ವಿಶ್ವಾಸ ಅದಕ್ಕೆ ಎಡೆಗೊಡದೆಂದೂ ಸ್ಪಷ್ಟವಾಗಿ ತಿಳಿಸಿದರು. ಮುಖ್ಯೋಪಾಧ್ಯಾಯರೊಬ್ಬರಿಗೆ ಐದು ರ‍್ಯಾಂಡ್ ದೊಡ್ಡ ಮೊತ್ತವೇನಲ್ಲ. ಆದರೆ ಆ ಹಣ ಎಲ್ಲಿಗೆ ಮುಟ್ಟುತ್ತದೆಂಬುದನ್ನು ಅವರು ಬಲ್ಲವರಾಗಿದ್ದರು. ಮಾಂತ್ರಿಕನು ಯಾರದಾದರೂ ಹೆಸರು ಹೇಳುವನು. ಹೆಸರು ಬಂದವರನ್ನು, ಆಕೆ ಒಬ್ಬಂಟಿ ಮುದುಕಿಯೇ ಆಗಿರಲಿ, ಊರಿನಿಂದ ಅಟ್ಟುವರು ಇಲ್ಲವೇ ಕೊಲ್ಲುವರು. ನಿರಪರಾಧಿಯೊಬ್ಬರ ಸಾವಿಗೆ ತಮ್ಮ ಪಾಲಿನ ಕಾಣಿಕೆ ಸಲ್ಲಿಸಲು ಅವರ ಆತ್ಮಸಾಕ್ಷಿ ಒಪ್ಪಲಿಲ್ಲ.

ಐದು ದಿನಗಳ ನಂತರ, ಫೆಬ್ರವರಿ 2ರ ಶುಕ್ರವಾರ. ಅಂದು ಕೇಪ್‌ಟೌನಿನ ಸಂಸತ್ತಿನಲ್ಲಿ ಅಧ್ಯಕ್ಷ ಡಿ ಕ್ಲರ್ಕ್ ಅವರು ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಮೇಲಿನ ನಿಷೇಧ ತೆಗೆದುಹಾಕುವುದಾಗಿಯೂ ನೆಲ್ಸನ್ ಮಂಡೇಲಾರ ಬಿಡುಗಡೆ ಆಗಲಿರುವುದಾಗಿಯೂ ಸಾರಿದರು. ಇಡೀ ದೇಶ ಬೆಳಕಿನತ್ತ ಮುಖ ಮಾಡಿದ್ದ ಆ ದಿನ ಬೆನೆಡಿಕ್ಟರು ನಾದಿನಿಯನ್ನೂ ಆಕೆಯ ಕಾಯಿಲೆಯ ಮಗುವನ್ನೂ ತೊಹೊಯಾಂಡೌ ಪಟ್ಟಣದ ವೈದ್ಯರ ಬಳಿಗೆ ಕರೆದೊಯ್ದಿದ್ದರು. ಹಿಂದಿರುಗುವಾಗ ಮೆಕ್ಕೆಜೋಳದ ಹಿಟ್ಟಿನ ಚೀಲ ಹೊತ್ತಿದ್ದ ದಾರಿಹೋಕನೊಬ್ಬನನ್ನು ಹತ್ತಿಸಿಕೊಂಡು, ಪಕ್ಕದ ಹಳ್ಳಿಯವರೆಗೂ ಬಿಟ್ಟುಬಂದರು. ಮರಳುವ ಹಾದಿಯಲ್ಲಿ ಕತ್ತಲಾಗಿತ್ತು. ರಸ್ತೆಗೆ ಅಡ್ಡಲಾಗಿ ಮರದ ದಿಮ್ಮಿಗಳು ಬಿದ್ದಿದ್ದವು. ಅವನ್ನು ಸರಿಸಲು ಇಳಿದೊಡನೆ ಕತ್ತಲಿನಿಂದ ಕಲ್ಲುಗಳ ಮಳೆ ಸುರಿಯಿತು.

ಗಾಯಗೊಂಡ ಅವರು ಆಟದ ಮೈದಾನವನ್ನು ದಾಟಿ ಓಡಿ, ಒಬ್ಬ ಹೆಣ್ಣುಮಗಳ ಅಡುಗೆ ಗುಡಿಸಲಿನಲ್ಲಿ ಆಶ್ರಯ ಪಡೆದರು. ಬೆನ್ನಟ್ಟಿ ಬಂದ ಗುಂಪು, ತೋರಿಸದಿದ್ದರೆ ಆಕೆಯನ್ನೇ ಕೊಲ್ಲುವುದಾಗಿ ಬೆದರಿಸಿತು. ಬೆನೆಡಿಕ್ಟರು ಹೊರಗೆ ಬಂದರು. ತಮ್ಮನ್ನೇಕೆ ಕೊಲ್ಲಬಯಸುವಿರೆಂದು ಕೇಳಿದರು. ಉತ್ತರ ಬರಲಿಲ್ಲ. ತಮ್ಮ ಆತ್ಮವನ್ನು ದೇವರ ಕೈಗೆ ಒಪ್ಪಿಸಿ ಪ್ರಾರ್ಥಿಸುತ್ತಿರುವಾಗಲೇ ದೊಣ್ಣೆಯ ಪೆಟ್ಟು ತಲೆಯನ್ನು ಒಡೆಯಿತು. ಬಿದ್ದವರ ಮೇಲೆ ಕುದಿಯುವ ನೀರನ್ನು ಸುರಿದರು. ಆಗ ಅವರಿಗೆ 43 ವರ್ಷ. ಗರ್ಭಿಣಿಯಾಗಿದ್ದ ಎವೆಲಿನ್ ನಾಲ್ಕು ತಿಂಗಳ ಬಳಿಕ ಎಂಟನೆಯ ಮಗುವಿಗೆ ಜನ್ಮವಿತ್ತರು. ಆ ಮಗು ತಂದೆಯ ಮುಖ ಕಾಣಲಿಲ್ಲ.

ಫೆಬ್ರವರಿ 10ರಂದು, ಅವರೇ ದುಡಿದು ಕಟ್ಟಿಸಿದ್ದ ನ್ವೆಲಿಯ ದೇವಾಲಯದಲ್ಲಿ ಅಂತ್ಯಕ್ರಿಯೆಯ ಬಲಿಪೂಜೆ ನೆರವೇರಿತು. ರಕ್ತಸಾಕ್ಷಿಗಳ ಹಬ್ಬದಲ್ಲಿ ಧರಿಸುವ ಕೆಂಪು ವಸ್ತ್ರಗಳನ್ನು ಗುರುಗಳು ಅಂದು ಧರಿಸಿದ್ದರು. ಜನರ ಹೃದಯ ಆಗಲೇ ತೀರ್ಪು ಕೊಟ್ಟಿತ್ತು. ಲೌಕಿಕ ನ್ಯಾಯ ಮಾತ್ರ ದೊರೆಯಲಿಲ್ಲ. ಕೆಲವರ ಬಂಧನವಾದರೂ ಸಾಕ್ಷ್ಯದ ಕೊರತೆಯಿಂದ ಮೊಕದ್ದಮೆ ನಿಲ್ಲಲಿಲ್ಲ.

ಧರ್ಮಸಭೆ ಮರೆಯಲಿಲ್ಲ. ಜಾನೀನ್ ಧರ್ಮಕ್ಷೇತ್ರದ ಧರ್ಮಾಧ್ಯಕ್ಷರಾದ ಹ್ಯೂ ಸ್ಲ್ಯಾಟರಿಯವರು ಅವರ ಸಾಕ್ಷ್ಯವನ್ನು ಲೋಕಕ್ಕೆ ತಿಳಿಸಲು ಶ್ರಮಿಸಿದರು. 2015ರ ಜನವರಿಯಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ಇವರ ಮರಣವನ್ನು ವಿಶ್ವಾಸಕ್ಕಾಗಿ ಸಂದ ರಕ್ತಸಾಕ್ಷ್ಯವೆಂದು ಅಂಗೀಕರಿಸಿದರು. ಅದೇ ವರ್ಷದ ಸೆಪ್ಟೆಂಬರ್ 13ರಂದು, ತೊಹೊಯಾಂಡೌ ಸಮೀಪದ ತ್ಶಿತನಿನಿಯಲ್ಲಿ ಸಾವಿರಾರು ಭಕ್ತರ ಸಮ್ಮುಖದಲ್ಲಿ ಕಾರ್ಡಿನಲ್ ಆಂಜೆಲೊ ಅಮಾತೊ ಅವರು ಪುನೀತ ಪದವಿಯನ್ನು ಘೋಷಿಸಿದರು. ಮಗನ ಆ ಮಹಿಮೆಯನ್ನು ಕಾಣಲು ವಯೋವೃದ್ಧ ತಾಯಿ ಈಡಾ ಅವರು ಬದುಕಿದ್ದರು. ಇಂದು ಅವರ ಪವಿತ್ರ ಅವಶೇಷಗಳು ನ್ವೆಲಿಯ ದೇವಾಲಯದಲ್ಲಿಯೇ ವಿಶ್ರಮಿಸುತ್ತಿವೆ.

ಐದು ರ‍್ಯಾಂಡ್ ಕೊಟ್ಟು ಸುಮ್ಮನಿದ್ದಿದ್ದರೆ ಅವರು ಬದುಕುತ್ತಿದ್ದರೇನೋ. ಎಂಟು ಮಕ್ಕಳ ತಂದೆಗೆ ಹಾಗೆ ಮಾಡಲು ಕಾರಣಗಳೂ ಇದ್ದವು. ಆದರೆ ಮಾರನೆಯ ದಿನ ಶಾಲೆಯಲ್ಲಿ ಯಾವ ಮುಖದಿಂದ ಸತ್ಯವನ್ನು ಬೋಧಿಸುವುದು? ಭಾನುವಾರ ಯುವಜನರ ಮುಂದೆ ನಿಂತು ಯಾವ ನಾಲಿಗೆಯಿಂದ ಕ್ರಿಸ್ತರ ಪ್ರೀತಿಯನ್ನು ಸಾರುವುದು? ನಮ್ಮ ಬಾಳಿನಲ್ಲಿಯೂ ಇಂಥ ಸಣ್ಣ ಮೊತ್ತಗಳ ಬೇಡಿಕೆ ಬರುತ್ತಲೇ ಇರುತ್ತದೆ. ನೆರೆಯವರ ಮೇಲಿನ ಸುಳ್ಳು ಮಾತಿಗೆ ತಲೆದೂಗುವುದು, ಭಯದಿಂದ ದೃಷ್ಟಿ, ಮಾಟ, ಮದ್ದುಗಳ ಮೊರೆಹೋಗುವುದು, ಊರಿಗೆಲ್ಲಾ ಒಪ್ಪಿಗೆಯಾದ ಅನ್ಯಾಯಕ್ಕೆ ಮೌನವಾಗಿ ಪಾಲು ಕೊಡುವುದು - ಇವೆಲ್ಲ ಅಗ್ಗದ ಬೆಲೆಗೆ ನೆಮ್ಮದಿ ಕೊಳ್ಳುವ ದಾರಿಗಳೇ. ಅಂಥ ಗಳಿಗೆಯಲ್ಲಿ ವೆಂಡಾ ನಾಡಿನ ಈ ಉಪಾಧ್ಯಾಯರು ನಮ್ಮ ನೆನಪಿಗೆ ಬರಲಿ. ಮಕ್ಕಳಿಗೆ ಪಾಠ ಹೇಳುವ ಪ್ರತಿಯೊಬ್ಬರಿಗೂ, ಯುವಜನರನ್ನು ಮುನ್ನಡೆಸುವ ಪ್ರತಿಯೊಬ್ಬರಿಗೂ ಪುನೀತ ಬೆನೆಡಿಕ್ಟರ ಪ್ರಾರ್ಥನೆಯ ಆಸರೆ ಇರಲಿ.