ನಮ್ಮ ಇಂಟರ್ನಲ್ಸ್‌ನ ಮುತ್ತಜ್ಜ: ಹೊರೇಸ್ ಮ್ಯಾನ್

ಪ್ರತಿ ಸೆಮ್ ಕೊನೆಗೆ ನಮಗೆಲ್ಲ ಒಂದು ಫಾರ್ಮ್ ಬರುತ್ತೆ, ಕೋರ್ಸ್ ಎಂಡ್ ಸರ್ವೇ ಅಂತ. ಈ ಸಬ್ಜೆಕ್ಟ್ ಎಷ್ಟು ಅರ್ಥ ಆಯ್ತು, ಒಂದರಿಂದ ಐದರೊಳಗೆ ಅಂಕ ಕೊಡಿ ಅಂತ ಕೇಳ್ತಾರೆ. ನಾವೇನು ಮಾಡ್ತೀವಿ? ಪ್ರಶ್ನೆ ಓದದೇ ಎಲ್ಲದಕ್ಕೂ ಐದು ಒತ್ತಿ ಕ್ಯಾಂಟೀನ್ ಕಡೆ ಹೊರಡ್ತೀವಿ. ಆಮೇಲೆ ಆ ಐದುಗಳೆಲ್ಲ ಸೇರಿ ಸಿಓ-ಪಿಓ ಅಟೈನ್‌ಮೆಂಟ್ ಅನ್ನೋ ಎಕ್ಸೆಲ್ ಶೀಟ್ ಆಗುತ್ತೆ, ಮುಂದಿನ ಬ್ಯಾಚ್‌ನ ಟಾರ್ಗೆಟ್ ಆಗುತ್ತೆ.

ಹೋದ ಸೆಮ್‌ನಲ್ಲಿ ನಮ್ಮ ಬೆಂಚಲ್ಲಿ ಒಂದು ಪ್ರಶ್ನೆ ಎದ್ದಿತು. ಶಾಲೆ ಚೆನ್ನಾಗಿದೆಯೋ ಇಲ್ಲವೋ ಅನ್ನೋದನ್ನ ಲೆಕ್ಕ ಹಾಕಿ, ಪಟ್ಟಿ ಮಾಡಿ, ಇಷ್ಟು ಗುರಿ ಮುಟ್ಟಬೇಕು ಅಂತ ಹೇಳೋ ಈ ಅಭ್ಯಾಸ ಶುರು ಮಾಡಿದ್ದು ಯಾರಪ್ಪಾ? ಇವತ್ತು ಅಮೆರಿಕದಲ್ಲಿ ಊರೂರಿನ ಸ್ಕೂಲ್ ಬೋರ್ಡ್‌ಗಳು ಎಷ್ಟು ಮಕ್ಕಳು ಕಾಲೇಜಿಗೆ ರೆಡಿ ಇದ್ದಾರೆ ಅಂತ ಅಂಕಿಅಂಶ ಇಟ್ಟುಕೊಂಡು ಗುರಿ ಹಾಕಿಕೊಳ್ತವೆ. ಆ ದಾರಿಯಲ್ಲಿ ಹಿಂದಕ್ಕೆ ಹೋಗ್ತಾ ಹೋಗ್ತಾ ನಮಗೆ ಸಿಕ್ಕಿದವರು ಹೊರೇಸ್ ಮ್ಯಾನ್. ಅವರ ಕಥೆ ಓದಿದ ಮೇಲೆ ಸುಮ್ಮನೆ ಐದು ಒತ್ತೋಕೆ ನಮಗೆ ಸ್ವಲ್ಪ ಕಷ್ಟ ಆಗ್ತಿದೆ. ಅದಕ್ಕೇ ನಿಮಗೂ ಹೇಳ್ತಿದ್ದೀವಿ. (ನಾವು ಇಂಗ್ಲಿಷ್ ಮೀಡಿಯಂನವರು, ಕನ್ನಡದಲ್ಲಿ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.)

ಮ್ಯಾನ್ ಹುಟ್ಟಿದ್ದು 1796ರ ಮೇ 4ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫ್ರಾಂಕ್ಲಿನ್ ಅನ್ನೋ ಊರಲ್ಲಿ. ಬಡ ರೈತರ ಮನೆ. ಟೋಪಿ ಮಾಡೋಕೆ ಬೇಕಾದ ಒಣಹುಲ್ಲನ್ನು ಮನೆಮಂದಿಯೆಲ್ಲ ಕೂತು ಹೆಣೆದು ನಾಲ್ಕು ಕಾಸು ಸಂಪಾದಿಸ್ತಿದ್ರು. ಶಾಲೆ ವರ್ಷಕ್ಕೆ ಎಂಟು ಹತ್ತು ವಾರ ಸಿಕ್ಕಿದ್ರೆ ಅದೇ ಹೆಚ್ಚು. 13ನೇ ವಯಸ್ಸಿಗೆ ತಂದೆ ತೀರಿಕೊಂಡರು. ಮರುವರ್ಷ ಅಣ್ಣ ಸ್ಟೀಫನ್ ನೀರಿನಲ್ಲಿ ಮುಳುಗಿ ಸತ್ತ.

ಆ ಊರಿಗೆ ಒಂದು ಅದೃಷ್ಟ ಇತ್ತು. ಊರಿನ ಹೆಸರು ಬೆಂಜಮಿನ್ ಫ್ರಾಂಕ್ಲಿನ್ ಅವರದ್ದೇ. ನಿಮ್ಮ ಹೆಸರಿಟ್ಟಿದ್ದೀವಿ, ಚರ್ಚಿಗೆ ಒಂದು ಗಂಟೆ ಕೊಡಿಸಿ ಅಂತ ಊರವರು ಕೇಳಿದ್ರಂತೆ. ಅವರು ಗಂಟೆ ಬದಲು ಪುಸ್ತಕ ಕಳಿಸಿದ್ರು. ಹುಡುಗ ಮ್ಯಾನ್‌ಗೆ ನಿಜವಾದ ಶಾಲೆ ಅಂದ್ರೆ ಆ ಪುಸ್ತಕಗಳೇ.

ಕಾಲೇಜಿಗೆ ಹೋಗಬೇಕು ಅಂತ ಅವರು ಹೊರಟಾಗ ವಯಸ್ಸು ಇಪ್ಪತ್ತರ ಹತ್ತಿರ. ಆಗ ಕಾಲೇಜ್ ಸೇರಬೇಕಂದ್ರೆ ಲ್ಯಾಟಿನ್, ಗ್ರೀಕ್ ಗೊತ್ತಿರಲೇಬೇಕು. ಊರೂರು ಸುತ್ತುತ್ತಿದ್ದ ಒಬ್ಬ ಮೇಷ್ಟ್ರ ಹತ್ತಿರ ಸುಮಾರು ಆರು ತಿಂಗಳಲ್ಲಿ ಎರಡೂ ಭಾಷೆ ಕಲಿತು, 1816ರಲ್ಲಿ ಬ್ರೌನ್ ಯೂನಿವರ್ಸಿಟಿಗೆ ಸೇರಿದ್ರು. ಅದೂ ನೇರವಾಗಿ ಸೆಕೆಂಡ್ ಇಯರ್‌ಗೆ! ಅಂದ್ರೆ ನಮ್ಮ ಭಾಷೆಯಲ್ಲಿ ಲ್ಯಾಟರಲ್ ಎಂಟ್ರಿ. ಡಿಪ್ಲೊಮಾದಿಂದ ಬಂದ ನಮ್ಮ ಫ್ರೆಂಡ್ಸ್ ಇದನ್ನ ಖಂಡಿತ ಗಮನಿಸಬೇಕು. 1819ರಲ್ಲಿ ಅವರು ತರಗತಿಗೇ ಮೊದಲಿಗರಾಗಿ ಪಾಸಾದ್ರು. ಆದರೆ ಆ ಆರು ತಿಂಗಳು ನಿದ್ದೆಗೆಟ್ಟು ಓದಿದ್ದು ದೇಹಕ್ಕೆ ಹೊಡೆತ ಕೊಡ್ತು, ಆರೋಗ್ಯ ಕೊನೆವರೆಗೂ ಕಾಡ್ತು. ಕಾಲೇಜಿಗೆ ತಯಾರಿ ಇಲ್ಲದೇ ಬರೋದು ಅಂದ್ರೆ ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮುಂದೆ ಲಾಯರ್ ಆದ್ರು, 1827ರಲ್ಲಿ ರಾಜ್ಯದ ಶಾಸಕರಾದ್ರು. ಮಾನಸಿಕ ರೋಗಿಗಳನ್ನ ಜೈಲಲ್ಲಿ ಕೂಡಿಹಾಕ್ತಿದ್ದ ಕಾಲದಲ್ಲಿ ವೂಸ್ಟರ್ ಅನ್ನೋ ಊರಲ್ಲಿ ಅವರಿಗಾಗಿ ಸರ್ಕಾರಿ ಆಸ್ಪತ್ರೆ ಆಗೋ ಹಾಗೆ ಹೋರಾಡಿದ್ರು. 1830ರಲ್ಲಿ ಮದುವೆಯಾದ ಶಾರ್ಲಟ್ ಎರಡೇ ವರ್ಷಕ್ಕೆ ತೀರಿಕೊಂಡರು. ಆ ದುಃಖದಿಂದ ಅವರು ಪೂರ್ತಿ ಹೊರಗೆ ಬಂದ ಹಾಗೆ ಕಾಣೋದಿಲ್ಲ. ಆದ್ರೂ ಕೆಲಸ ಬಿಡಲಿಲ್ಲ, ರಾಜ್ಯದ ಸೆನೆಟ್‌ನ ಅಧ್ಯಕ್ಷರ ಸ್ಥಾನದವರೆಗೂ ಹೋದ್ರು.

1837ರಲ್ಲಿ ಮ್ಯಾಸಚೂಸೆಟ್ಸ್ ಸರ್ಕಾರ ಒಂದು ಶಿಕ್ಷಣ ಮಂಡಳಿ ಮಾಡಿತು. ಮೊದಲ ಕಾರ್ಯದರ್ಶಿಯಾಗಿ ಬನ್ನಿ ಅಂತ ಮ್ಯಾನ್ ಅವರನ್ನ ಕರೆದ್ರು. ಸಂಬಳ ವರ್ಷಕ್ಕೆ 1,500 ಡಾಲರ್, ವಕೀಲಿಕೆಯಲ್ಲಿ ಬರ್ತಿದ್ದದ್ದಕ್ಕಿಂತ ತುಂಬಾ ಕಡಿಮೆ. ಅಧಿಕಾರವಂತೂ ಸೊನ್ನೆ. ಶಾಲೆ ನಡೆಸೋದು ಆಯಾ ಊರಿನ ಶಾಲಾ ಸಮಿತಿಗಳು, ದುಡ್ಡು ಕೊಡೋದು ಊರಿನ ತೆರಿಗೆದಾರರು. ಮಂಡಳಿ ಒಬ್ಬ ಮೇಷ್ಟ್ರನ್ನ ನೇಮಿಸೋ ಹಾಗಿಲ್ಲ, ತೆಗೆಯೋ ಹಾಗೂ ಇಲ್ಲ. ಮಾಹಿತಿ ಸೇರಿಸಬಹುದು, ವರ್ಷಕ್ಕೊಂದು ವರದಿ ಬರೀಬಹುದು, ಅಷ್ಟೇ. ಮ್ಯಾನ್ ಒಪ್ಪಿಕೊಂಡ್ರು. ಮಾಹಿತಿಯೇ ಅವರ ಅಧಿಕಾರ ಆಯ್ತು.

ಊರೂರಿಗೆ ಪ್ರಶ್ನೆಪಟ್ಟಿ ಕಳಿಸಿದ್ರು. ನಿಮ್ಮಲ್ಲಿ ಮಕ್ಕಳೆಷ್ಟು, ಚಳಿಗಾಲದಲ್ಲಿ ಬರೋರು ಎಷ್ಟು, ಬೇಸಿಗೆಯಲ್ಲಿ ಎಷ್ಟು, ಮೇಷ್ಟ್ರ ಸಂಬಳವೆಷ್ಟು, ಒಂದು ಮಗುವಿಗೆ ಊರು ಖರ್ಚು ಮಾಡೋದೆಷ್ಟು? ಉತ್ತರ ಬರೋದನ್ನ ಕಾಯ್ತಾ ಕೂರಲಿಲ್ಲ, ಕುದುರೆ ಹತ್ತಿ ಜಿಲ್ಲೆ ಜಿಲ್ಲೆ ಸುತ್ತಿದ್ರು. ಸುಮಾರು 800 ಶಾಲಾ ಕಟ್ಟಡಗಳನ್ನ ತಾವೇ ನೋಡಿ ಅಥವಾ ಖಚಿತ ಮಾಹಿತಿ ತರಿಸಿಕೊಂಡು 1838ರಲ್ಲಿ ವರದಿ ಬರೆದ್ರು. ಗಾಳಿ ಆಡದ ಕೋಣೆ, ಒರಗೋಕೆ ಬೆನ್ನಿಲ್ಲದ ಬೆಂಚು, ನೆಲಕ್ಕೆ ಕಾಲು ಎಟುಕದ ಪುಟ್ಟ ಮಕ್ಕಳು. ಇಂಥದ್ದನ್ನೆಲ್ಲ ಅಲ್ಲಿವರೆಗೆ ಯಾರೂ ಅಳೆದಿರಲಿಲ್ಲ, ಆದ್ದರಿಂದ ಯಾರಿಗೂ ನಾಚಿಕೆಯೂ ಆಗಿರಲಿಲ್ಲ.

ಆಮೇಲೆ ಅವರು ಮಾಡಿದ್ದು ನಮಗೆ ಚೆನ್ನಾಗಿ ಪರಿಚಯ ಇರೋ ಕೆಲಸ, ರ‍್ಯಾಂಕ್ ಪಟ್ಟಿ. ಒಂದು ಮಗುವಿಗೆ ಯಾವ ಊರು ಎಷ್ಟು ಖರ್ಚು ಮಾಡುತ್ತೆ ಅಂತ ಮೇಲಿಂದ ಕೆಳಗೆ ಜೋಡಿಸಿ ಅಚ್ಚು ಹಾಕಿಸಿದ್ರು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ಯಾವ ಜಿಲ್ಲೆ ಫಸ್ಟ್, ಯಾವುದು ಲಾಸ್ಟ್ ಅಂತ ಟಿವಿಯಲ್ಲಿ ಬರುತ್ತಲ್ಲ, ಹಾಗೆ. ಪಕ್ಕದ ಊರಿಗಿಂತ ನಾವು ಕೆಳಗಾ ಅಂತ ಜನಕ್ಕೆ ಚುರುಕು ಮುಟ್ಟಿತು. ಅವರ 12 ವರ್ಷದ ಅವಧಿಯಲ್ಲಿ ಶಾಲೆಗಳಿಗೆ ಊರುಗಳು ಕೊಡೋ ದುಡ್ಡು ದುಪ್ಪಟ್ಟಾಯ್ತು, ಹೊಸ ಹೈಸ್ಕೂಲುಗಳು ಬಂದವು. 1839ರಲ್ಲಿ ಲೆಕ್ಸಿಂಗ್ಟನ್‌ನಲ್ಲಿ ಮೇಷ್ಟ್ರುಗಳಿಗೆ ತರಬೇತಿ ಕೊಡೋ ಶಾಲೆ ಶುರುವಾಯ್ತು. ಅಮೆರಿಕದಲ್ಲಿ ಸರ್ಕಾರದ ದುಡ್ಡಲ್ಲಿ ನಡೆದ ಅಂಥ ಮೊದಲ ಶಾಲೆ ಅದು. ಮೊದಲ ದಿನ ಬಂದಿದ್ದು ಮೂರೇ ಮೂರು ಜನ ಹುಡುಗಿಯರು. ಮುಂದಿನ ವರ್ಷವೇ ಮಂಡಳಿಯನ್ನ ಮುಚ್ಚಿಬಿಡಿ ಅಂತ ಶಾಸನಸಭೆಯಲ್ಲಿ ಮತಕ್ಕೆ ಹಾಕಿದ್ರು. 182 ಜನ ಮುಚ್ಚಿ ಅಂದ್ರು, 245 ಜನ ಬೇಡ ಅಂದ್ರು. ಅಷ್ಟರಲ್ಲಿ ಬಚಾವ್.

ಅವರ ಎಲ್ಲ ಲೆಕ್ಕವೂ ಸರಿ ಇತ್ತು ಅಂತ ನಾವು ಹೇಳಲ್ಲ. ಓದಿದ ಕೆಲಸಗಾರ ಹೆಚ್ಚು ದುಡಿದು ಕೊಡ್ತಾನೆ ಅಂತ ತೋರಿಸೋಕೆ 1841ರಲ್ಲಿ ಕಾರ್ಖಾನೆ ಮಾಲೀಕರಿಗೆ ಪತ್ರ ಬರೆದು ಉತ್ತರ ತರಿಸಿದ್ರು. ಕೇಳಿದ್ದು ಕೆಲವೇ ಜನರನ್ನ, ಪ್ರಶ್ನೆಗಳೂ ತಮಗೆ ಬೇಕಾದ ಉತ್ತರದ ಕಡೆಗೇ ವಾಲಿದ್ದವು. ನಮ್ಮ ಪ್ರಾಬಬಿಲಿಟಿ ಮೇಡಂ ಆ ಸರ್ವೇಗೆ ಪಾಸ್ ಮಾರ್ಕ್ಸ್ ಕೊಡ್ತಿರಲಿಲ್ಲ. ಆದ್ರೆ ತೆರಿಗೆ ಕೊಡೋಕೆ ಗೊಣಗ್ತಿದ್ದ ಜನಕ್ಕೆ ಅದು ನಾಟಿತು.

ಈಗ ಪರೀಕ್ಷೆ ವಿಷಯಕ್ಕೆ ಬರೋಣ. 1843ರಲ್ಲಿ ಮೇರಿ ಪೀಬಾಡಿ ಅವರನ್ನ ಮದುವೆಯಾಗಿ ಮ್ಯಾನ್ ಯುರೋಪಿಗೆ ಹೋದ್ರು. ಹನಿಮೂನ್‌ನಲ್ಲೂ ನೋಡಿದ್ದು ಶಾಲೆಗಳನ್ನೇ! ಪ್ರಷ್ಯಾದ ಶಾಲೆಗಳಲ್ಲಿ ಹೊಡೆತ ಬಡಿತ ಇಲ್ಲದೇ ಪಾಠ ನಡೀತಿರೋದನ್ನ ಹೊಗಳಿ ವರದಿ ಬರೆದ್ರು. ಬಾಸ್ಟನ್ ನಗರದ 31 ಮೇಷ್ಟ್ರುಗಳಿಗೆ ಇದು ತಮಗೇ ಬೈದ ಹಾಗೆ ಅನ್ನಿಸಿ, 1844ರಲ್ಲಿ ಅವರ ವಿರುದ್ಧ ಪುಸ್ತಕವನ್ನೇ ಅಚ್ಚು ಹಾಕಿಸಿದ್ರು. ಜಗಳ ಜೋರಾಯ್ತು.

ಮ್ಯಾನ್ ಅವರ ಆಪ್ತ ಸ್ನೇಹಿತ ಸ್ಯಾಮ್ಯುಯೆಲ್ ಗ್ರಿಡ್ಲಿ ಹೋವ್ ಬಾಸ್ಟನ್ನಿನ ಶಾಲಾ ಸಮಿತಿಗೆ ಆರಿಸಿ ಬಂದ್ರು. ಅಲ್ಲಿವರೆಗೆ ಸಮಿತಿಯವರು ವರ್ಷಕ್ಕೊಮ್ಮೆ ಶಾಲೆಗೆ ಬಂದು ಬಾಯಿಪ್ರಶ್ನೆ ಕೇಳಿ ಹೋಗ್ತಿದ್ರು. ನಮ್ಮ ಲ್ಯಾಬ್ ವೈವಾ ಥರ, ಯಾರಿಗೆ ಯಾವ ಪ್ರಶ್ನೆ ಬರುತ್ತೋ ದೇವರಿಗೇ ಗೊತ್ತು. 1845ರ ಬೇಸಿಗೆಯಲ್ಲಿ ಹೋವ್ ಮತ್ತು ಜೊತೆಗಾರರು ಅಚ್ಚು ಹಾಕಿದ ಪ್ರಶ್ನೆಪತ್ರಿಕೆ ಹಿಡಿದುಕೊಂಡು ಬಂದ್ರು. ಎಲ್ಲರಿಗೂ ಅದೇ ಪ್ರಶ್ನೆ, ಅಷ್ಟೇ ಸಮಯ, ಉತ್ತರ ಕಾಗದದ ಮೇಲೆ. ಆರಿಸಿದ ಸುಮಾರು 530 ಮಕ್ಕಳು ಬರೆದ್ರು. ಸಮಿತಿಯವರು 31,159 ಉತ್ತರಗಳನ್ನ ಕೈಯಲ್ಲೇ ತಿದ್ದಿದ್ರು. ಬಂದ ಸರಾಸರಿ ಶೇಕಡಾ 30ರ ಹತ್ತಿರ. ಅಂದ್ರೆ ನಗರದ ಅತ್ಯುತ್ತಮ ಮಕ್ಕಳೇ ಫೇಲ್.

ಅಂಕಕ್ಕಿಂತ ನಮಗೆ ಕುತೂಹಲ ಅನ್ನಿಸಿದ್ದು ತಪ್ಪುಗಳ ಜಾತಿ. ಇತಿಹಾಸದಲ್ಲಿ ವ್ಯಾಪಾರ ನಿರ್ಬಂಧ ಬಂದ ಇಸವಿ ಕೇಳಿದ್ರೆ ಮಕ್ಕಳು ಸರಿಯಾಗಿ ಬರೀತಿದ್ರು. ವ್ಯಾಪಾರ ನಿರ್ಬಂಧ ಅಂದ್ರೆ ಏನು ಅಂತ ಕೇಳಿದ್ರೆ ಗೊತ್ತಿಲ್ಲ! ಉರು ಹೊಡೆದು ಬರೆಯೋ ನಮ್ಮಂಥವರ ಮುತ್ತಜ್ಜಂದಿರು ಆಗಲೇ ಇದ್ರು ಅಂತಾಯ್ತು. ಶಾಲೆಗಳ ಹೆಸರು ಹಾಕಿ ಕೋಷ್ಟಕ ಪ್ರಕಟ ಆಯ್ತು, ಮ್ಯಾನ್ ತಮ್ಮ ಪತ್ರಿಕೆಯಲ್ಲಿ ಅದನ್ನ ಸಂಭ್ರಮದಿಂದ ಹರಡಿದ್ರು. ಕೆಲವು ಮುಖ್ಯ ಮೇಷ್ಟ್ರುಗಳು ಕೆಲಸ ಕಳೆದುಕೊಂಡ್ರು. ಲಿಖಿತ ಪರೀಕ್ಷೆ ನ್ಯಾಯವಾದದ್ದು, ಮುಖ ನೋಡಿ ಮಣೆ ಹಾಕಲ್ಲ ಅನ್ನೋದು ಅವರ ವಾದ, ಅದು ನಿಜವೇ. ಆದ್ರೆ ಜಗಳದಲ್ಲಿ ಅದು ಅವರ ಕೈಗೆ ಸಿಕ್ಕ ದೊಣ್ಣೆಯೂ ಆಗಿತ್ತು ಅನ್ನೋದೂ ಅಷ್ಟೇ ನಿಜ.

ಕೆಳಗಿನ ಸಾಲಿನಲ್ಲಿದ್ದದ್ದು ಸ್ಮಿತ್ ಶಾಲೆ, ಕಪ್ಪು ಜನಾಂಗದ ಮಕ್ಕಳಿಗೆ ಪ್ರತ್ಯೇಕವಾಗಿ ಇಟ್ಟಿದ್ದ ಶಾಲೆ. ಅಂಕ ಮಾತ್ರ ನೋಡಿದ್ರೆ ಆ ಮಕ್ಕಳು ದಡ್ಡರು ಅಂತ ಬರೆದು ಮುಗಿಸಬಹುದಿತ್ತು. ಪರೀಕ್ಷಕರು ಹಾಗೆ ಮಾಡಲಿಲ್ಲ. ಈ ಮಕ್ಕಳಿಂದ ಹೆಚ್ಚೇನೂ ಆಗಲ್ಲ ಅಂತ ಮೊದಲೇ ತೀರ್ಮಾನಿಸಿದ ಶಾಲೆಯ ಮುಖ್ಯಸ್ಥರತ್ತ ಬೆರಳು ತೋರಿಸಿದ್ರು. ಬಾಸ್ಟನ್ನಿನಲ್ಲಿ ಮಕ್ಕಳನ್ನ ಹೀಗೆ ಬೇರೆ ಕೂರಿಸೋದು ನಿಲ್ಲಲಿ ಅಂತ ಹೋರಾಟ ನಡೀತಿದ್ದಾಗ ಮ್ಯಾನ್ ಮಾತ್ರ ಬಹಿರಂಗವಾಗಿ ಬಾಯಿ ಬಿಡಲಿಲ್ಲ. ಅದಕ್ಕೆ ಅವರ ಕಾಲದವರೇ ಅವರನ್ನ ಟೀಕಿಸಿದ್ರು. ಅದೇ ಮ್ಯಾನ್ ತರಬೇತಿ ಶಾಲೆಗೆ ಸೇರಿದ ಒಬ್ಬ ಕಪ್ಪು ವಿದ್ಯಾರ್ಥಿನಿಗೆ ಎಲ್ಲೂ ರೂಮ್ ಸಿಗದಿದ್ದಾಗ ತಮ್ಮ ಮನೆಯಲ್ಲೇ ಇರಿಸಿಕೊಂಡ್ರು. ಮನುಷ್ಯರು ಒಂದೇ ಅಂಕೆಯಲ್ಲಿ ಹಿಡಿಯೋಷ್ಟು ಸರಳ ಅಲ್ಲ.

1848ರಲ್ಲಿ ಜಾನ್ ಕ್ವಿನ್ಸಿ ಆ್ಯಡಮ್ಸ್ ತೀರಿಕೊಂಡಾಗ ಖಾಲಿಯಾದ ಸ್ಥಾನಕ್ಕೆ ಮ್ಯಾನ್ ಅಮೆರಿಕದ ಸಂಸತ್ತಿಗೆ ಹೋದ್ರು, ಅಲ್ಲಿ ಗುಲಾಮಗಿರಿ ವಿರುದ್ಧ ಗಟ್ಟಿಯಾಗಿ ಮಾತಾಡಿದ್ರು. 1852ರಲ್ಲಿ ಗವರ್ನರ್ ಚುನಾವಣೆಗೆ ನಿಂತು ಸೋತ್ರು. 1853ರಲ್ಲಿ ಒಹಾಯೊ ರಾಜ್ಯದ ಹೊಸ ಆಂಟಿಯಾಕ್ ಕಾಲೇಜಿನ ಮೊದಲ ಅಧ್ಯಕ್ಷರಾದ್ರು. ಹುಡುಗ ಹುಡುಗಿಯರಿಗೆ ಒಂದೇ ಪಾಠ. ಪ್ರೊಫೆಸರ್ ಆಗಿದ್ದ ಹೆಣ್ಣುಮಗಳಿಗೂ ಗಂಡಸರ ಸಮಾನ ಸ್ಥಾನ. ಆದ್ರೆ ಪ್ರವೇಶ ಪರೀಕ್ಷೆ ಮಾಡಿದಾಗ ಕಾಲೇಜು ತರಗತಿಗೆ ತಯಾರಿದ್ದವರು ಬೆರಳೆಣಿಕೆಯಷ್ಟು ಮಾತ್ರ! 12 ವರ್ಷ ಶಾಲೆಗಳ ಲೆಕ್ಕ ಬರೆದವರ ಮುಂದೆ ಆ ಲೆಕ್ಕದ ಕೊನೇ ಸಾಲು ಬಂದು ನಿಂತಿತ್ತು. ಉಳಿದವರನ್ನ ಅವರು ವಾಪಸ್ ಕಳಿಸಲಿಲ್ಲ. ತಯಾರಿ ವಿಭಾಗಕ್ಕೆ ಸೇರಿಸಿಕೊಂಡು ಬುಡದಿಂದ ಕಲಿಸಿದ್ರು, ಈಗಿನ ಬ್ರಿಡ್ಜ್ ಕೋರ್ಸ್ ಥರ. ಒಂದು ಕಾಲದಲ್ಲಿ ಅವರೂ ಆರು ತಿಂಗಳ ತಯಾರಿಯ ಹುಡುಗನೇ ತಾನೆ.

ಕಾಲೇಜಿಗೆ ಸಾಲ ವಿಪರೀತ ಆಗಿ 1859ರಲ್ಲಿ ಹರಾಜಿಗೆ ಬಂತು. ಸ್ನೇಹಿತರು ಕೊಂಡು ಉಳಿಸಿದ್ರು. ಆ ಬೇಸಿಗೆಯಲ್ಲಿ ಪದವಿ ಪಡೆಯೋ ಮಕ್ಕಳಿಗೆ ಮಾನವಕುಲಕ್ಕಾಗಿ ಏನಾದ್ರೂ ಗೆಲ್ಲಿ ಅನ್ನೋ ಅರ್ಥದ ಭಾಷಣ ಮಾಡಿದ ಕೆಲವೇ ವಾರಗಳಲ್ಲಿ, ಆಗಸ್ಟ್ 2ರಂದು, 63ನೇ ವಯಸ್ಸಿನಲ್ಲಿ ಮ್ಯಾನ್ ತೀರಿಕೊಂಡ್ರು.

ಕೊನೆಗೆ ನಮ್ಮದೂ ಒಂದು ಮಾತು. ಫಸ್ಟ್ ಸೆಮ್ ಮೊದಲ ಇಂಟರ್ನಲ್ಸ್ ಆದಾಗ ಮಾರ್ಕ್ಸ್ ಪಟ್ಟಿ ಎಲ್ಲರೂ ನೋಡೋ ಹಾಗೆ ಹೊರಗೆ ಬಂತು. ನಮ್ಮ ಬೆಂಚಿನ ಒಬ್ಬನಿಗೆ ಮ್ಯಾಥ್ಸ್‌ನಲ್ಲಿ ಬಂದಿದ್ದು ಒಂದೇ ಅಂಕೆಯ ಮಾರ್ಕ್ಸ್. ಕನ್ನಡ ಮೀಡಿಯಂನಿಂದ ಬಂದವನು. ಇಂಟಿಗ್ರೇಷನ್ ನಮಗಿಂತ ಚೆನ್ನಾಗಿ ಗೊತ್ತಿತ್ತು, ಇಂಗ್ಲಿಷ್ ಪ್ರಶ್ನೆ ಏನು ಕೇಳ್ತಿದೆ ಅನ್ನೋದೇ ಅವನಿಗೆ ಗೊತ್ತಾಗಿರಲಿಲ್ಲ. ಎರಡು ವಾರ ಕ್ಲಾಸಿಗೇ ಬರಲಿಲ್ಲ. ನಾವು ನಂಬರ್ ನೋಡಿದ್ವಿ, ಯಾಕೆ ಅಂತ ಕೇಳಲಿಲ್ಲ. ಕೇಳಿದ್ದು ಹಾಸ್ಟೆಲ್‌ನ ಒಬ್ಬ ಸೀನಿಯರ್. ದಿನಾ ರಾತ್ರಿ ಅರ್ಧ ಗಂಟೆ ಪ್ರಶ್ನೆಪತ್ರಿಕೆ ಓದೋದನ್ನ ಹೇಳಿಕೊಟ್ರು. ಈಗ ಅವನು ನಮಗೇ ಮ್ಯಾಥ್ಸ್ ಹೇಳಿಕೊಡ್ತಾನೆ.

ಹೊರೇಸ್ ಮ್ಯಾನ್ ಕಥೆಯಿಂದ ನಮಗೆ ಅರ್ಥ ಆಗಿದ್ದು ಇಷ್ಟು. ಲೆಕ್ಕ ಬೇಕು, ಲೆಕ್ಕ ಇಲ್ಲದಿದ್ರೆ ಬೆನ್ನಿಲ್ಲದ ಬೆಂಚು ಯಾರ ಕಣ್ಣಿಗೂ ಬೀಳಲ್ಲ. ಆದ್ರೆ ಪಟ್ಟಿ ಅಂಟಿಸಿದ ಮೇಲೆ ಕೆಳಗಿನ ಸಾಲಿನವರ ಹತ್ರ ಹೋಗಿ ಕೂರೋರು ಒಬ್ಬರಾದ್ರೂ ಇರಬೇಕು.

ಈ ಸೆಮ್ ಕೊನೆಗೆ ಸರ್ವೇ ಫಾರ್ಮ್ ಬಂದಾಗ ಪ್ರಶ್ನೆ ಓದಿ ಉತ್ತರ ಕೊಡೋಣ ಅಂತ ನಾವು ನಾಲ್ವರೂ ಮಾತಾಡಿಕೊಂಡಿದ್ದೀವಿ. ಎರಡು ಅನ್ನಿಸಿದ್ರೆ ಎರಡು. ಕ್ಯಾಂಟೀನ್ ಎಲ್ಲೂ ಓಡಿಹೋಗಲ್ಲ, ಹತ್ತು ನಿಮಿಷ ತಡವಾದ್ರೆ ಆಗಲಿ ಬಿಡಿ.