1+2+3+4... ಕೂಡಿದರೆ ಮೈನಸ್ 1/12 ಆಗುತ್ತಾ? ರಾಮಾನುಜನ್ ಹೆಸರಿನ ಫಾರ್ವರ್ಡ್‌ನ ಅಸಲಿ ಕಥೆ

ಡಿಸೆಂಬರ್ 22, ರಾಷ್ಟ್ರೀಯ ಗಣಿತ ದಿನ. ಅಂದು ನಿಮ್ಮ ಗ್ರೂಪಿಗೂ ಈ ಮೆಸೇಜ್ ಬಂದಿರಬಹುದು: 1, 2, 3, 4 ಎಂದು ಕೊನೆಯಿಲ್ಲದೆ ಕೂಡುತ್ತಾ ಹೋದರೆ ಉತ್ತರ ಮೈನಸ್ 1/12, ಇದನ್ನು ರಾಮಾನುಜನ್ ಸಾಧಿಸಿ ತೋರಿಸಿದ್ದಾರೆ ಎಂದು. ಇದು ನಿಜವೇ? ಅರ್ಧ ನಿಜ. ಉಳಿದರ್ಧ ಗೊತ್ತಾಗಬೇಕಾದರೆ ಅವರ ಬದುಕನ್ನೇ ಸ್ವಲ್ಪ ನೋಡಬೇಕು.

ಫೇಲಾದ ಹುಡುಗ

ಶ್ರೀನಿವಾಸ ರಾಮಾನುಜನ್ ಹುಟ್ಟಿದ್ದು 1887ರ ಡಿಸೆಂಬರ್ 22ರಂದು, ತಮಿಳುನಾಡಿನ ಈರೋಡಿನಲ್ಲಿ. ಬೆಳೆದದ್ದು ಕುಂಭಕೋಣಂನಲ್ಲಿ. ತಂದೆ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತರು. ಹುಡುಗನಿಗೆ ಗಣಿತದ್ದೇ ಗುಂಗು. ಉಳಿದ ವಿಷಯಗಳಲ್ಲಿ ಫೇಲಾಗಿ ಸ್ಕಾಲರ್‌ಶಿಪ್ ಕಳೆದುಕೊಂಡರು, ಡಿಗ್ರಿಯೂ ಸಿಗಲಿಲ್ಲ. ಕಾಗದ ದುಬಾರಿಯಾದ್ದರಿಂದ ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಒರೆಸಿ, ಕೊನೆಯ ಉತ್ತರವನ್ನಷ್ಟೇ ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು. ಮುಂದೆ ಅವರಿಗೆ ತೊಂದರೆ ಕೊಟ್ಟದ್ದು ಈ ಅಭ್ಯಾಸವೇ.

1912ರಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟ್‌ನಲ್ಲಿ ಗುಮಾಸ್ತರ ಕೆಲಸ ಸಿಕ್ಕಿತು. ಸಂಬಳ ತಿಂಗಳಿಗೆ 30 ರೂಪಾಯಿ. ಅವರ ಪ್ರತಿಭೆ ಕಂಡ ಹಿತೈಷಿಗಳು ಕೆಲವು ಲೆಕ್ಕಗಳನ್ನು ಲಂಡನ್ನಿನ ಪ್ರೊಫೆಸರ್ ಹಿಲ್ ಅವರಿಗೆ ಕಳಿಸಿದರು. ಅದರಲ್ಲಿ ಮೈನಸ್ 1/12 ಕೂಡ ಇತ್ತು. ಹಿಲ್ ಅದನ್ನು ತಪ್ಪು ಎಂದೇ ತೀರ್ಮಾನಿಸಿ, ಈ ಯುವಕ ಕೊನೆಯಿಲ್ಲದ ಮೊತ್ತಗಳ ಗುಂಡಿಗೆ ಬಿದ್ದಿದ್ದಾನೆ ಎಂಬರ್ಥದಲ್ಲಿ ಉತ್ತರಿಸಿದರು.

ಹಿಲ್ ಹಾಗೆ ಅಂದದ್ದೇಕೆ?

ಹಬ್ಬದ ದಿನ ಒಂದು ಹೋಳಿಗೆ ತಿಂದಿರಿ. ಆಮೇಲೆ ಅರ್ಧ, ಆಮೇಲೆ ಕಾಲು, ಆಮೇಲೆ ಅರೆಕಾಲು. ಹೀಗೆ ಎಷ್ಟು ಸಲ ತಿಂದರೂ ಎರಡು ಹೋಳಿಗೆ ದಾಟುವುದಿಲ್ಲ. ಪ್ರತಿ ಹಂತದ ಮೊತ್ತ ಬರೆದರೆ 1, 1.5, 1.75, 1.875 ಎಂಬ ಸಾಲು ಸಿಗುತ್ತದೆ. ಅದು 2ಕ್ಕೆ ಎಷ್ಟು ಬೇಕಾದರೂ ಹತ್ತಿರವಾಗುತ್ತದೆ. ಇದಕ್ಕೆ ಗಣಿತದಲ್ಲಿ ಅಭಿಸರಣ ಎನ್ನುತ್ತಾರೆ. ಇಂಥ ಕಡೆ ಮಾತ್ರ ಕೊನೆಯಿಲ್ಲದ ಕೂಡಿಕೆಗೆ ಮಾಮೂಲಿ ಅರ್ಥದ ಉತ್ತರ ಇರುತ್ತದೆ.

ಈಗ 1+2+3+4 ನೋಡಿ. ಹಂತದ ಮೊತ್ತಗಳು 1, 3, 6, 10, 15... ಎಲ್ಲೂ ನಿಲ್ಲದೆ ಏರುತ್ತಲೇ ಹೋಗುತ್ತವೆ. ಇದು ಅಪಸರಣ. ಮಾಮೂಲಿ ಕೂಡಿಕೆಯಲ್ಲಿ ಇದಕ್ಕೆ ಉತ್ತರವೇ ಇಲ್ಲ. ಇನ್ನು ಮೈನಸ್ ಎಲ್ಲಿಂದ ಬರಬೇಕು?

ಫಾರ್ವರ್ಡ್‌ಗಳಲ್ಲಿ ಬರುವ ಸುಲಭದ ಸಾಧನೆ ಸಾಮಾನ್ಯವಾಗಿ 1-1+1-1... ಅನ್ನು ಅರ್ಧ ಎಂದು ಹಿಡಿದು ಶುರುವಾಗುತ್ತದೆ. ಅದರ ಹಂತದ ಮೊತ್ತಗಳು 1, 0, 1, 0. ಈ ಸಾಲಿನಿಂದ ಒಂದು ಬಿಟ್ಟು ಒಂದನ್ನು ಆರಿಸಿ. ಒಂದು ಉಪಸಾಲು 1, 1, 1. ಇನ್ನೊಂದು 0, 0, 0. ಒಂದು ಸಾಲು ನಿಜವಾಗಿ ಒಂದು ಸಂಖ್ಯೆಯ ಕಡೆ ಹೋಗುತ್ತಿದ್ದರೆ ಅದರ ಎಲ್ಲಾ ಉಪಸಾಲುಗಳೂ ಅದೇ ಸಂಖ್ಯೆಯ ಕಡೆ ಹೋಗಲೇಬೇಕು. ಇಲ್ಲಿ ಎರಡು ದಾರಿ, ಎರಡು ಊರು. ಅರ್ಧ ಎಂಬುದು ಇವೆರಡರ ಸರಾಸರಿ, ಮೊತ್ತವಲ್ಲ.

ಹಾಗಾದರೆ ರಾಮಾನುಜನ್ ಮಾಡಿದ್ದೇನು?

ಕೊನೆಯಿಲ್ಲದ ಪ್ರತಿ ಕೂಡಿಕೆಯ ಜೊತೆಗೂ ಒಂದು ಸ್ಥಿರ ಸಂಖ್ಯೆ ಅಂಟಿಕೊಂಡಿರುತ್ತದೆ ಎಂಬುದು ಅವರ ಯೋಚನೆ. ಬೆಳೆಯುತ್ತಾ ಹೋಗುವ ಭಾಗವನ್ನು ಒಂದು ವಿಧಾನದಿಂದ ಬೇರೆ ತೆಗೆದಿಟ್ಟರೆ ಉಳಿಯುವ ಸಂಖ್ಯೆ ಅದು. 1+2+3+4... ಜೊತೆ ಹೀಗೆ ಸಿಗುವ ಸಂಖ್ಯೆಯೇ ಮೈನಸ್ 1/12. ಆಯ್ಲರ್ 18ನೇ ಶತಮಾನದಲ್ಲೇ ಇದೇ ಸಂಖ್ಯೆಗೆ ಬಂದಿದ್ದರು. 1859ರಲ್ಲಿ ರೀಮನ್ ಬೇರೆ ದಾರಿಯಿಂದ ಇದಕ್ಕೆ ಗಟ್ಟಿ ಬುನಾದಿ ಹಾಕಿದ್ದರು. ಕುಂಭಕೋಣಂನ ಹುಡುಗ ತನ್ನದೇ ದಾರಿಯಲ್ಲಿ ಅಲ್ಲಿಗೆ ತಲುಪಿದ್ದ.

ಹಿಲ್ ಅವರ ಉತ್ತರಕ್ಕೆ ರಾಮಾನುಜನ್ ಎದೆಗುಂದಲಿಲ್ಲ. 1913ರ ಜನವರಿಯಲ್ಲಿ ಕೇಂಬ್ರಿಡ್ಜಿನ ಹಾರ್ಡಿಗೆ ಪತ್ರ ಬರೆದರು. ಹಾರ್ಡಿ ಮೆಚ್ಚಿ, ಸಾಧನೆ ಎಲ್ಲಿ ಎಂದು ಕೇಳಿದರು. ಫೆಬ್ರವರಿ 27ರ ಪತ್ರದಲ್ಲಿ ರಾಮಾನುಜನ್ ಈ ಮೈನಸ್ 1/12 ಅನ್ನು ಉದಾಹರಣೆ ಕೊಟ್ಟು, ತಮ್ಮ ಸಿದ್ಧಾಂತ ವಿವರಿಸದೆ ಇದನ್ನಷ್ಟೇ ಹೇಳಿದರೆ ಹುಚ್ಚಾಸ್ಪತ್ರೆಯ ದಾರಿ ತೋರಿಸಿಯಾರು ಎಂದು ತಾವೇ ಬರೆದರು. ಅಂದರೆ, ವಿವರಣೆ ಇಲ್ಲದೆ ಈ ಸಾಲಿಗೆ ಅರ್ಥವಿಲ್ಲ ಎಂಬುದು ಅವರಿಗೇ ಚೆನ್ನಾಗಿ ಗೊತ್ತಿತ್ತು.

ಹಾರ್ಡಿ ಕೈಬಿಡಲಿಲ್ಲ. 1914ರಲ್ಲಿ ರಾಮಾನುಜನ್ ಹಡಗು ಹತ್ತಿದರು. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ಆದರೆ ಆರೋಗ್ಯ ಕೆಟ್ಟಿತ್ತು. 1919ರಲ್ಲಿ ಊರಿಗೆ ಮರಳಿ, 1920ರ ಏಪ್ರಿಲ್ 26ರಂದು ಮದ್ರಾಸಿನಲ್ಲಿ ತೀರಿಕೊಂಡರು. ಆಗ ವಯಸ್ಸು ಬರೀ 32.

ಕೊನೆಯ ಮಾತು

ಮೈನಸ್ 1/12 ಸುಳ್ಳಲ್ಲ, ಆದರೆ ಅದು ಅಂಗಡಿ ಲೆಕ್ಕದ ಮೊತ್ತವೂ ಅಲ್ಲ. ವಿವರಣೆ ಇಲ್ಲದೆ ಹೋದದ್ದಕ್ಕೆ ಲಂಡನ್ನಿನ ಪ್ರೊಫೆಸರರೇ ರಾಮಾನುಜನ್ ಅವರನ್ನು ತಪ್ಪು ತಿಳಿದರು. ನಮ್ಮ ಫಾರ್ವರ್ಡ್‌ಗಳೂ ಅದೇ ವಿವರಣೆಯನ್ನು ಕತ್ತರಿಸಿ ಕಳಿಸುತ್ತಿವೆ. ಮುಂದಿನ ಸಲ ಈ ಮೆಸೇಜ್ ಬಂದರೆ, ಕಳಿಸುವ ಮುನ್ನ ಕೆಳಗೆ ಒಂದು ಸಾಲು ಸೇರಿಸಿ: ಇದು ಮಾಮೂಲಿ ಕೂಡಿಕೆಯಲ್ಲ. ರಾಮಾನುಜನ್ ಅವರಿಗೆ ಅಷ್ಟಾದರೂ ನ್ಯಾಯ ಸಲ್ಲಲಿ.